ದೊಡ್ಡ ಲ್ಯಾಪ್‌ಟಾಪೋ, ಚಿಕ್ಕ ಲ್ಯಾಪ್‌ಟಾಪೋ?

ಹೋದ ಅಕ್ಟೋಬರಿನಲ್ಲಿ ನಮ್ಮ ಮನೆಯ ಹಳೇ ಕಂಪ್ಯೂಟರು ನಿವೃತ್ತಿಯಾಯಿತು. ನಾನು ಬ್ಯಾಂಕಿನಿಂದ ನಿವೃತ್ತನಾದದ್ದು ಅರವತ್ತಕ್ಕೆ. ಪಾಪ, ಅದಕ್ಕೆ ಇನ್ನೂ ಹನ್ನೊಂದು ವರ್ಷ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನವರು ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಿಸೋಣವೆಂದರೆ ನಮ್ಮ ಪೆಟ್ಟಿಗೆ ಅದಕ್ಕೆ ಆಗದಷ್ಟು ಹಳೆಯದು. “ತಾತ, ಇನ್ನು ಇದರಲ್ಲಿ ನೀನು ಬ್ಯಾಂಕ್ ಪಾಸ್‌ವರ್ಡ್ ಹಾಕಬೇಡ” ಎಂದು ಮೊಮ್ಮಗಳು ಕಟ್ಟುನಿಟ್ಟಾಗಿ ಹೇಳಿದಳು. ಮೂವತ್ತೆಂಟು ವರ್ಷ ಬ್ಯಾಂಕಿನಲ್ಲಿ ದುಡಿದವನಿಗೆ ಒಂಬತ್ತನೇ ಕ್ಲಾಸಿನ ಹುಡುಗಿಯ ಎಚ್ಚರಿಕೆ!

ಕುಕ್ ಟೌನಿನಲ್ಲಿ ಮಿಲ್ಟನ್ ಪಾರ್ಕಿನ ಹತ್ತಿರ ನಮ್ಮ ಮನೆ. ಕೆಳಗೆ ನಾವಿಬ್ಬರು ಮುದುಕರು, ಮೇಲೆ ಮಗ, ಸೊಸೆ, ಮೊಮ್ಮಗಳು. ಮುಂದಿನ ಕಂಪ್ಯೂಟರು ಪುಟ್ಟಿಗೆ, ಅದೂ ಲ್ಯಾಪ್‌ಟಾಪು, ಅದೂ ನನ್ನ ದುಡ್ಡಿನಲ್ಲಿ ಎಂದು ನಾನು ಎರಡು ವರ್ಷದ ಹಿಂದೆಯೇ ಮಾತು ಕೊಟ್ಟಿದ್ದೆ. ಒಂದು ಲಕ್ಷ ಹತ್ತು ಸಾವಿರದ ಎಫ್.ಡಿ. ಅದೇ ತಿಂಗಳು ಮೆಚ್ಯೂರ್ ಆಗುವುದಿತ್ತು. ಆ ಎಫ್.ಡಿ.ಯನ್ನು ಬೇರೊಂದು ಕೆಲಸಕ್ಕೆ ಎತ್ತಿಟ್ಟಿದ್ದೆವು, ಅದನ್ನು ಮುಂದೆ ಹೇಳುತ್ತೇನೆ.

ಬೆಳಗಿನ ವಾಕಿಂಗಿನಲ್ಲಿ ಪಾರ್ಕಿನ ಕಲ್ಲುಬೆಂಚಿನ ಮೇಲೆ ವಿಷಯ ಎತ್ತಿದೆ. ಲ್ಯಾಪ್‌ಟಾಪನ್ನು ಒಂದು ದಿನವೂ ಮುಟ್ಟದವರೆಲ್ಲ ಸಲಹೆ ಕೊಟ್ಟರು. “ತಗೊಳ್ಳೋದೇ ಆದ್ರೆ ದೊಡ್ಡದೇ ತಗೊಳ್ಳಿ, ಹತ್ತು ವರ್ಷ ಬರುತ್ತೆ” ಎಂದು ಒಬ್ಬರು. “ಮಗುಗೆ ಅಷ್ಟು ರೇಟಿಂದು ಯಾಕೆ ಸಾರ್, ಬೀಳಿಸಿಬಿಡುತ್ತೆ” ಎಂದು ಇನ್ನೊಬ್ಬರು. ಬೆಂಚು ಎರಡು ಪಕ್ಷವಾಗಿ ಕೊನೆಗೆ ಟೊಮೇಟೊ ರೇಟಿಗೆ ಬಂದು ನಿಂತಿತು.

ನಾನೂ ಪುಟ್ಟಿಯೂ ಶಿವಾಜಿನಗರಕ್ಕೆ ಆಟೋದಲ್ಲಿ ಹೋಗಿ, ಅಲ್ಲಿಂದ ಮಾರ್ಕೆಟ್ ಬಸ್ಸು ಹಿಡಿದು ಟೌನ್ ಹಾಲ್ ಕಡೆ ಇಳಿದು, ಎಸ್.ಪಿ. ರೋಡಿಗೆ ನಡೆದೆವು. ಬೆಂಗಳೂರಿನ ಕಂಪ್ಯೂಟರ್ ಸಾಮಾನಿನ ಸಂತೆ ಎಂದರೆ ಅದೇ. ಅಂಗಡಿಯವನು ಎರಡನ್ನು ತೆಗೆದು ಎದುರಿಗಿಟ್ಟ. ಒಂದು ಮೂವತ್ತೆಂಟು ಸಾವಿರ, ತೆಳ್ಳಗೆ, ಬೂದು ಬಣ್ಣ. ಇನ್ನೊಂದು ತೊಂಬತ್ತಾರು ಸಾವಿರದ ಗೇಮಿಂಗ್ ಲ್ಯಾಪ್‌ಟಾಪು, ಕೀಲಿಗಳ ಕೆಳಗೆ ಕೆಂಪು ನೀಲಿ ದೀಪ, ದೀಪಾವಳಿಯ ಹಾಗೆ.

ಮಕ್ಕಳೇ, ಇವೆರಡರ ನಡುವಿನ ವ್ಯತ್ಯಾಸವನ್ನು ಪುಟ್ಟಿ ನನಗೆ ಹೇಳಿಕೊಟ್ಟಳು. ನಾನು ಅದನ್ನು ನನ್ನ ಬ್ಯಾಂಕಿನ ಭಾಷೆಗೆ ತಂದುಕೊಂಡೆ. ಪ್ರೊಸೆಸರ್ ಎಂದರೆ ಕೂಡಿಸಿ ಕಳೆಯುವ ಗುಮಾಸ್ತ. ರ್‍ಯಾಮ್ ಎಂದರೆ ಅವನ ಮುಂದಿನ ಮೇಜು. ಮೇಜು ದೊಡ್ಡದಾದಷ್ಟೂ ಹೆಚ್ಚು ಲೆಡ್ಜರುಗಳನ್ನು ಒಟ್ಟಿಗೆ ಬಿಡಿಸಿಟ್ಟುಕೊಳ್ಳಬಹುದು, ಚಿಕ್ಕದಾದರೆ ಒಂದನ್ನು ಮುಚ್ಚಿ ಇನ್ನೊಂದನ್ನು ತೆಗೆಯಬೇಕು. ಹಳೇ ಹಾರ್ಡ್ ಡಿಸ್ಕು ಮಹಡಿ ಮೇಲಿನ ರೆಕಾರ್ಡ್ ರೂಮು, ಅಟೆಂಡರು ಮೆಟ್ಟಿಲು ಹತ್ತಿ ಕಡತ ತರಬೇಕು. ಈಗಿನ ಎಸ್‌ಎಸ್‌ಡಿ ಕೈಗೆಟುಕುವ ಬೀರು. ಹಾಗಾದರೆ ಗ್ರಾಫಿಕ್ಸ್ ಕಾರ್ಡ್? ಪಕ್ಕದ ಹಾಲಿನಲ್ಲಿ ಸಾವಿರಾರು ಕಿರಿಯ ಗುಮಾಸ್ತರನ್ನು ಕೂರಿಸಿದ ಹಾಗೆ. ಒಬ್ಬೊಬ್ಬರೂ ಒಂದೊಂದು ಸಣ್ಣ ಲೆಕ್ಕವನ್ನು ಏಕಕಾಲಕ್ಕೆ ಮಾಡುತ್ತಾರೆ. ಚಿತ್ರದ ಸಾವಿರ ಸಾವಿರ ಚುಕ್ಕೆಗಳಿಗೆ ಬಣ್ಣ ಹಾಕಲು ಅವರು ಬೇಕು. ಪತ್ರ ಬರೆಯಲು ಬೇಡ. ಚಿಕ್ಕ ಲ್ಯಾಪ್‌ಟಾಪಿನಲ್ಲೂ ಇಂಥವರು ಇರುತ್ತಾರಂತೆ, ಆದರೆ ಕೆಲವರು ಮಾತ್ರ, ಅವರಿಗೆ ಬೇರೆ ಮೇಜೂ ಇಲ್ಲ, ದೊಡ್ಡ ಗುಮಾಸ್ತನ ಮೇಜಿನಲ್ಲೇ ಹಂಚಿಕೊಳ್ಳಬೇಕು.

ಇಷ್ಟು ಅರ್ಥವಾದ ಮೇಲೂ ನನ್ನ ಮನಸ್ಸು ತೊಂಬತ್ತಾರು ಸಾವಿರದ ಕಡೆಗೇ ಎಳೆಯುತ್ತಿತ್ತು. ಪುಟ್ಟಿ ಕೇಳಿರಲಿಲ್ಲ. ನಾನೇ “ದೊಡ್ಡದೇ ಇರಲಿ ಬಿಡು” ಎನ್ನುತ್ತಿದ್ದೆ. ಅದಕ್ಕೆ ಕಾರಣ ಬೇರೆ ಇತ್ತು.

ನಾನು 1973ರಲ್ಲಿ ಬಿ.ಕಾಂ. ಮುಗಿಸಿ ಬ್ಯಾಂಕು ಸೇರಿದಾಗ ಶಾಖೆಯಲ್ಲಿದ್ದ ಯಂತ್ರವೆಂದರೆ ಹಿಡಿ ತಿರುಗಿಸುವ ಫೆಸಿಟ್ ಲೆಕ್ಕದ ಯಂತ್ರ. ಕಂಪ್ಯೂಟರ್ ಬಂದರೆ ನೌಕರಿ ಹೋಗುತ್ತದೆಂದು ನಾವೆಲ್ಲ ಎದೆಗೆ ಬ್ಯಾಡ್ಜು ಚುಚ್ಚಿಕೊಂಡವರು. 1983ರಲ್ಲಿ ಆಡಳಿತದವರಿಗೂ ನೌಕರರ ಸಂಘಗಳಿಗೂ ಒಪ್ಪಂದವಾಯಿತು, ಮರುವರ್ಷ ರಂಗರಾಜನ್ ಸಮಿತಿಯ ವರದಿ ಬಂತು, ಆಮೇಲೆ ಒಂದು ದಿನ ನಮ್ಮ ಶಾಖೆಗೂ ಲೆಡ್ಜರ್ ಪೋಸ್ಟಿಂಗ್ ಮೆಷಿನ್ ಬಂತು. ನೌಕರಿ ಏನೂ ಹೋಗಲಿಲ್ಲ. ಆದರೂ ಕಂಪ್ಯೂಟರಿಗೆ ದುಡ್ಡು ಹಾಕುವುದು ದಂಡ ಎಂಬ ಭಾವನೆ ನನ್ನಲ್ಲಿ ಉಳಿದೇ ಇತ್ತು.

ಅಂಥ ಹೊತ್ತಿನಲ್ಲಿ, 1998ರಲ್ಲಿ, ಮಗ ಎಂಜಿನಿಯರಿಂಗ್ ಸೇರಿದ. ಕಂಪ್ಯೂಟರ್ ಬೇಕೆಂದ. ಹೊಸದಕ್ಕೆ ನಲವತ್ತು ಸಾವಿರದ ಮೇಲೆ. ನಾನು ಇದೇ ಎಸ್.ಪಿ. ರೋಡಿನಲ್ಲಿ ಹನ್ನೊಂದು ಸಾವಿರಕ್ಕೆ ಒಂದು ಸೆಕೆಂಡ್ ಹ್ಯಾಂಡ್ 486 ಹುಡುಕಿ ತಂದೆ. ಪೆಂಟಿಯಂ ಎರಡು ಎಂದರೆ ಬರೀ ಎರಡು, ಇದು ನಾನೂರ ಎಂಬತ್ತಾರು. ಸಂಖ್ಯೆ ದೊಡ್ಡದು, ಒಳ್ಳೆಯದೇ ಇರಬೇಕು ಎಂದುಕೊಂಡ ಬುದ್ಧಿವಂತ ನಾನು! ಅದರಲ್ಲಿದ್ದದ್ದು 8 ಎಂಬಿ ರ್‍ಯಾಮು. ಆ ವರ್ಷ ಬಂದ ವಿಂಡೋಸ್ 98ಕ್ಕೆ ಕನಿಷ್ಠ 16 ಬೇಕಿತ್ತು. ಮಗ ಒಂದು ವಾರ ಅದರ ಜೊತೆ ಗುದ್ದಾಡಿ ಸುಮ್ಮನಾದ. ಆಮೇಲೆ ನಾಲ್ಕು ವರ್ಷವೂ ಸಂಜೆ ವಿಜಯನಗರದ ಗೆಳೆಯನ ಮನೆಗೆ ಹೋಗಿ, ಅವನ ಕಂಪ್ಯೂಟರಿನಲ್ಲಿ ಕೆಲಸ ಮಾಡಿ, ರಾತ್ರಿ ಹತ್ತಕ್ಕೋ ಹನ್ನೊಂದಕ್ಕೋ ಎರಡು ಬಸ್ಸು ಬದಲಾಯಿಸಿ ಮನೆಗೆ ಬರುತ್ತಿದ್ದ. ಒಂದು ದಿನವೂ ನನ್ನನ್ನು ಅಂದವನಲ್ಲ. ಅಂದಿದ್ದರೆ ಚೆನ್ನಾಗಿತ್ತು. ನಮ್ಮಾಕೆ ಆ 486ಕ್ಕೆ ಒಂದು ಕ್ರೋಶ ಹೊದಿಕೆ ಹೆಣೆದು ಹಾಕಿದ್ದಳು. ಹಾಲಿನಲ್ಲಿ ಕೂತಾಗಲೆಲ್ಲ ಕಣ್ಣಿಗೆ ಬೀಳುತ್ತಿತ್ತು.

ಈಗ ತೊಂಬತ್ತಾರು ಸಾವಿರ ಕೊಟ್ಟರೆ ಅದು ಮರೆತೀತು ಎಂಬುದು ನನ್ನ ಒಳಲೆಕ್ಕ. ಯಾರಿಗೂ ಹೇಳಿರಲಿಲ್ಲ.

ಎದುರು ಮನೆಯ ಹುಡುಗ ಆರ್ಕಿಟೆಕ್ಚರ್ ಓದುತ್ತಾನೆ. ಅವನ ಬಳಿ ಅಂಥದೇ ದೊಡ್ಡ ಲ್ಯಾಪ್‌ಟಾಪಿದೆ. ಒಂದು ಭಾನುವಾರ ತಂದು ತೋರಿಸಿದ. ಕಟ್ಟಡದ ಚಿತ್ರವನ್ನು ಅತ್ತಿತ್ತ ತಿರುಗಿಸಿ ಕೊಠಡಿಯೊಳಗೆ ನಡೆದುಹೋಗುವ ಹಾಗೆ ತೋರಿಸಿದ. ಅವನಿಗೆ ಅದು ಬೇಕೇ ಬೇಕು, ಅನುಮಾನವಿಲ್ಲ. ಆದರೆ ಚಾರ್ಜರೂ ಸೇರಿ ತೂಗಿದರೆ ಮೂರು ಕೆ.ಜಿ. ಹತ್ತಿರ. ಪ್ಲಗ್ ಕಿತ್ತರೆ ಎರಡು ಗಂಟೆಯಷ್ಟೇ ಎಂದ. ಕೆಲಸ ಜೋರಾದ ಹಾಗೆ ಒಳಗಿನ ಫ್ಯಾನು ಸುಂಯ್ ಎಂದು ಶುರುವಾಗಿ ಜೋರಾಯಿತು. ನಾವು ಮಾತನ್ನೇ ಏರಿಸಬೇಕಾಯಿತು.

ಪಕ್ಕದಲ್ಲೇ ಕೂತಿದ್ದ ನಮ್ಮಾಕೆ ಮೆಚ್ಚಿಕೊಂಡು ಹೇಳಿದಳು: “ಪರವಾಗಿಲ್ಲ ಕಣ್ರೀ, ಇಷ್ಟು ಕೆಲಸ ಮಾಡಿದ್ರೂ ಒಂಚೂರೂ ಸದ್ದಿಲ್ಲ.”

ಯಾರೂ ಮಾತಾಡಲಿಲ್ಲ. ಹುಡುಗ ಮೆಲ್ಲಗೆ ಲ್ಯಾಪ್‌ಟಾಪು ಮುಚ್ಚಿದ. ಪುಟ್ಟಿ ನನ್ನ ಮುಖ ನೋಡಿದಳು.

ಎಫ್.ಡಿ. ಎತ್ತಿಟ್ಟದ್ದು ಇದಕ್ಕೇ, ಅವಳ ಕಿವಿಯ ಪರೀಕ್ಷೆಗೂ ಯಂತ್ರಕ್ಕೂ. ಎರಡು ವರ್ಷದಿಂದ “ನನಗೇನು ಕೇಳ್ಬೇಕಾಗಿದೆ, ಮಗುಗೆ ಮೊದಲು ತಗೊಳ್ಳಿ” ಎನ್ನುತ್ತಲೇ ಬಂದಿದ್ದಳು. ನನಗೂ ಅದು ಅನುಕೂಲವಾಗಿಯೇ ಇತ್ತು, ಒಪ್ಪಿಕೊಳ್ಳುತ್ತೇನೆ.

ಅವತ್ತು ರಾತ್ರಿ ಪುಟ್ಟಿ ನನ್ನ ಹಳೇ ಡೈರಿಯೊಂದನ್ನು ತೆಗೆದುಕೊಂಡು ಬಂದಳು. “ತಾತ, ಒಂದು ವಾರ ಲೆಕ್ಕ ಇಡೋಣ. ನಾನು ನಿಜವಾಗ್ಲೂ ಏನೇನು ಮಾಡ್ತೀನಿ ಅಂತ” ಎಂದಳು. ಇಂಥ ಮಾತು ಕೇಳಿದರೆ ಬ್ಯಾಂಕಿನವನು ಕರಗಿಬಿಡುತ್ತಾನೆ. ಏಳು ದಿನ ಅವಳು ಅವಳಪ್ಪನ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡಿದಳು, ನಾನು ಗೆರೆ ಹಾಕಿ ಬರೆದೆ. ಶಾಲೆಯ ಪ್ರಾಜೆಕ್ಟು, ಪೈಥಾನ್ ಅಭ್ಯಾಸ, ಪಾಠದ ವೀಡಿಯೊ, ನನಗೆ ನುಡಿಯಲ್ಲಿ ಕನ್ನಡ ಟೈಪು. ಇದು ಇರುವುದರಲ್ಲಿ ಅಗ್ಗದ ಕಂಪ್ಯೂಟರಿನಲ್ಲೂ ಸರಾಗ. ಇನ್ನು ಒಂದೇ ಒಂದು ಭಾರವಾದ ಕೆಲಸವೆಂದರೆ ಬ್ಲೆಂಡರ್ ಎಂಬ ಉಚಿತ ತಂತ್ರಾಂಶದಲ್ಲಿ ಅವಳು ಮಾಡುತ್ತಿರುವ ಕಾಗೆಯ ಕಾರ್ಟೂನು. ವಾರಕ್ಕೆ ಮೂರು ಗಂಟೆ.

ಮಕ್ಕಳೇ, ಅವಳು ಮಾಡಿದ ಒಂದು ಪರೀಕ್ಷೆ ನೀವೂ ಮಾಡಬಹುದು. ವಿಂಡೋಸ್ ಇದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಗುಮಾಸ್ತ ಎಷ್ಟು ದುಡಿಯುತ್ತಿದ್ದಾನೆ, ಮೇಜು ಎಷ್ಟು ತುಂಬಿದೆ ಎಂದು ತೋರಿಸುವ ಕಿಟಕಿ ತೆರೆಯುತ್ತದೆ. ಅವಳು ದಿನವೂ ಬಳಸುವುದನ್ನೆಲ್ಲ ಒಟ್ಟಿಗೆ ತೆರೆದಿಟ್ಟು ನೋಡಿದರೆ ಅವಳಪ್ಪನ 16 ಜಿಬಿ ಮೇಜಿನಲ್ಲಿ ಒಂಬತ್ತೂವರೆ ತುಂಬಿತ್ತು. ಅಂದರೆ ಮೂವತ್ತೆಂಟು ಸಾವಿರದ 8 ಜಿಬಿಯದು ಇಕ್ಕಟ್ಟು. ಆಮೇಲೆ ಹೆಚ್ಚಿಸೋಣವೆಂದರೆ ಆ ಮಾದರಿಯಲ್ಲಿ ರ್‍ಯಾಮನ್ನು ಒಳಗೇ ಬೆಸುಗೆ ಹಾಕಿಬಿಟ್ಟಿದ್ದಾರೆ. ಕೊಳ್ಳುವ ಮುಂಚೆ ಇದನ್ನು ತಪ್ಪದೆ ಕೇಳಬೇಕು. ಅಂಗಡಿಯವರು ತಾವಾಗಿ ಹೇಳುವುದಿಲ್ಲ.

ಕಾಗೆಯ ವಿಷಯ ಮಾತ್ರ ಬಗೆಹರಿಯಲಿಲ್ಲ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೆಲವೇ ನಿಮಿಷದಲ್ಲಿ ಆಗುವುದು ಇಲ್ಲದಿದ್ದರೆ ಗಂಟೆಗಟ್ಟಲೆ. “ರಾತ್ರಿ ಹಾಕಿಟ್ಟು ಮಲಗ್ತೀನಿ. ಬೆಳಿಗ್ಗೆ ಆಗಿರುತ್ತೆ” ಎಂದಳು. ದೋಸೆ ಹಿಟ್ಟಿನ ಹಾಗೆ. ಅವಳಿಗೆ ಆಸೆ ಇರಲಿಲ್ಲವೆಂದಲ್ಲ. ಎದುರು ಮನೆಯ ಹುಡುಗ ಕಟ್ಟಡ ತಿರುಗಿಸುವಾಗ ಅವಳ ಕಣ್ಣು ಹೇಗಿತ್ತೆಂದು ನಾನು ನೋಡಿದ್ದೇನೆ.

ಅದಕ್ಕೇ ಕೊನೆಯ ದಿನವೂ ನಾನು “ದೊಡ್ಡದೇ” ಎಂದೆ. ಆಗ ಮಗ ಬಾಯಿಬಿಟ್ಟ. “ಅಪ್ಪ, ಆ 486 ಇನ್ನೂ ತಲೇಲಿ ಇಟ್ಕೊಂಡಿದ್ದೀರಾ?”

ನಾನು ಉತ್ತರ ಕೊಡಲಿಲ್ಲ.

“ಆಗ ಬೇಜಾರಾಗಿತ್ತು, ಸುಳ್ಳು ಹೇಳಲ್ಲ. ಕೊನೇ ಬಸ್ ತಪ್ಪಿ ಮೆಜೆಸ್ಟಿಕ್‌ನಲ್ಲಿ ಬೆಳಗಿನ ತನಕ ಕೂತಿದ್ದೂ ಇದೆ. ಗೆಳೆಯನ ಮನೇಲಿ ಮಲಗಿದ್ದೆ ಅಂತ ನಿಮಗೆ ಹೇಳಿದ್ದೆ. ಆದ್ರೆ ನನಗೆ ಕೊಡಿಸದ್ದನ್ನ ಇವಳಿಗೆ ಕೊಡಿಸಿದ್ರೆ ಅದು ನನಗೆ ಬಂದು ಸೇರುತ್ತಾ? ಇವಳ ಲೆಕ್ಕ ಇವಳದು. ಅಮ್ಮನ ಕಿವಿ ನೋಡಿ.”

ಮೆಜೆಸ್ಟಿಕ್ಕಿನ ವಿಷಯ ನನಗೆ ಇಪ್ಪತ್ತೇಳು ವರ್ಷಕ್ಕೆ ಗೊತ್ತಾದದ್ದು.

ಮತ್ತೆ ಎಸ್.ಪಿ. ರೋಡಿಗೆ ಹೋದೆವು. ಈ ಸಲ ಪುಟ್ಟಿಯ ಕೈಯಲ್ಲಿ ಡೈರಿ ಇತ್ತು. 16 ಜಿಬಿ ರ್‍ಯಾಮು, 512 ಜಿಬಿ ಎಸ್‌ಎಸ್‌ಡಿ, ಒಂದೂವರೆ ಕೆ.ಜಿ.ಯಷ್ಟು ತೂಕ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಶೇ. 18ರ ಜಿ.ಎಸ್.ಟಿ. ಸೇರಿ ನಲವತ್ತೇಳು ಸಾವಿರದ ಐನೂರು. ಬಿಲ್ ಹಾಕಿಸಿಕೊಂಡೆ. ಬಿಲ್ ಇಲ್ಲದೆ ಎರಡು ಸಾವಿರ ಬಿಡುತ್ತೇನೆಂದವನಿಗೆ ಕೈ ಮುಗಿದೆ. ಬ್ಯಾಗು ಫ್ರೀ ಕೊಟ್ಟ. ಉಳಿದ ಅರವತ್ತೆರಡು ಸಾವಿರದ ಐನೂರು ಖಾತೆಯಲ್ಲೇ ಇದೆ.

ಈಗ ವಾರಕ್ಕೊಂದು ರಾತ್ರಿ ನಮ್ಮ ಹಾಲಿನ ಟೀಪಾಯಿಯ ಮೇಲೆ ಲ್ಯಾಪ್‌ಟಾಪು ಒಂದೊಂದೇ ಚಿತ್ರವಾಗಿ ಕಾಗೆ ಬಿಡಿಸುತ್ತಾ ಇರುತ್ತದೆ. ನಡುರಾತ್ರಿ ನೀರು ಕುಡಿಯಲು ಎದ್ದಾಗ ನಾನು ಹೋಗಿ ಎಷ್ಟಾಯಿತೆಂದು ನೋಡಿ ಬರುತ್ತೇನೆ. ಒಮ್ಮೆ ಕರೆಂಟು ಹೋಗಿ ಬ್ಯಾಟರಿಯೂ ಮುಗಿದು, ಕಾಗೆ ಅರ್ಧ ರೆಕ್ಕೆಯಲ್ಲೇ ನಿಂತಿತ್ತು. ಪುಟ್ಟಿ ಬೆಳಿಗ್ಗೆ ಒಂದು ಗಳಿಗೆ ಮುಖ ಸಪ್ಪಗೆ ಮಾಡಿಕೊಂಡು, ಮತ್ತೆ ಹಾಕಿಟ್ಟು ಶಾಲೆಗೆ ಹೋದಳು.

ನಮ್ಮಾಕೆಯ ಕಿವಿಗೆ ಹೆಣ್ಣೂರು ರಸ್ತೆಯ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಮತ್ತು ಶ್ರವಣ ಸಂಸ್ಥೆಗೆ ಹೋಗೋಣವೆಂದು ಬುಧವಾರ ಗೊತ್ತು ಮಾಡಿದ್ದೇವೆ. ಮನೆಯಿಂದ ಆಟೋದಲ್ಲಿ ದೂರವೇನಿಲ್ಲ. ಇಷ್ಟು ವರ್ಷ ದೂರವೆಂದು ನೆಪ ಹೇಳಿದ್ದು ನಾಚಿಕೆ. ಅಲ್ಲಿಯೂ ಯಂತ್ರಗಳಲ್ಲಿ ದೊಡ್ಡ ಬೆಲೆಯದು, ಸಣ್ಣ ಬೆಲೆಯದು ಎಂದು ಬಗೆಬಗೆ ಇರುತ್ತವೆಂದು ಅವಳಿಗೆ ಯಾರೋ ಹೇಳಿದ್ದಾರೆ. ನಿನ್ನೆ ಬೀನ್ಸ್ ಬಿಡಿಸುತ್ತಾ ಅಂದಳು: “ನೀವು ಬರೋದು ಬೇಡ. ಪುಟ್ಟಿಗೆ ರಜಾ ಹಾಕಿಸ್ತೀನಿ. ಅವಳು ಡೈರಿ ತಗೊಂಡು ಬರ್ಲಿ.”