ರಕ್ತದಲ್ಲಿ ಬಂದ ಗುದ್ದು

ಮೈಸೂರು ದಸರಾ ಎಂದರೆ ನಮ್ಮ ಮಕ್ಕಳಿಗೆ ಆನೆ, ಅಂಬಾರಿ, ದೀಪಾಲಂಕಾರ, ಕೊನೆಗೆ ವಸ್ತುಪ್ರದರ್ಶನದ ದೊಡ್ಡ ಹಪ್ಪಳ. ಆದರೆ ವಿಜಯದಶಮಿಯ ದಿನ ಜಂಬೂಸವಾರಿ ಹೊರಡುವುದಕ್ಕೆ ಮುಂಚೆ ಅರಮನೆಯ ತೊಟ್ಟಿಯೊಳಗೆ ಇನ್ನೊಂದು ಸಂಗತಿ ನಡೆಯುತ್ತದೆ. ತಲೆ ನುಣ್ಣಗೆ ಬೋಳಿಸಿಕೊಂಡ ಜಟ್ಟಿಗಳು ಕೆಮ್ಮಣ್ಣಿನ ಕಣಕ್ಕೆ ಇಳಿಯುತ್ತಾರೆ. ಬೆರಳುಗಳಿಗೆ ತೊಟ್ಟ ಮೊನೆಯುಳ್ಳ ಆಯುಧದಿಂದ ಎದುರಾಳಿಯ ತಲೆಗೆ ಗುರಿಯಿಡುತ್ತಾರೆ. ಹಿಂದೆ ಇದನ್ನು ದಂತದಲ್ಲೋ ಕೊಂಬಿನಲ್ಲೋ ಮಾಡುತ್ತಿದ್ದರಂತೆ. ಒಬ್ಬನ ನೆತ್ತಿಯಲ್ಲಿ ರಕ್ತ ಕಾಣಿಸಿತೋ, ಉಸ್ತಾದರು ನಡುವೆ ನುಗ್ಗಿ ಇಬ್ಬರನ್ನೂ ಬಿಡಿಸಿಬಿಡುತ್ತಾರೆ. ಅಲ್ಲಿಗೆ ಮುಗಿಯಿತು. ಎಷ್ಟೋ ಸಲ ಒಂದು ನಿಮಿಷವೂ ಹಿಡಿಯುವುದಿಲ್ಲ. ಇದೇ ವಜ್ರಮುಷ್ಟಿ ಕಾಳಗ.

ಕಾದುವವರು ಸಿಕ್ಕಸಿಕ್ಕವರಲ್ಲ. ಮೈಸೂರು, ಚಾಮರಾಜನಗರ, ಚನ್ನಪಟ್ಟಣ ಮತ್ತು ನಮ್ಮ ಬೆಂಗಳೂರಿನ ಜಟ್ಟಿ ಮನೆತನಗಳವರು. ಅಜ್ಜ ಇಳಿದ ಕಣಕ್ಕೆ ಅಪ್ಪ, ಅಪ್ಪ ಇಳಿದ ಕಣಕ್ಕೆ ಮಗ. ಜ್ಯೇಷ್ಠಿಮಲ್ಲರೆಂಬ ಈ ಜನರ ಮೂಲ ಗುಜರಾತಿನ ಮೊಧೇರಾ ಎನ್ನುತ್ತಾರೆ. ಅವರ ಕುಲದೇವತೆ ನಿಂಬಜಾದೇವಿ. ‘ಮಲ್ಲಪುರಾಣ’ ಎಂಬ ಅವರದೇ ಗ್ರಂಥವೊಂದಿದೆ. ಹೆಸರು ಪುರಾಣವಾದರೂ ಅದರಲ್ಲಿ ಜಟ್ಟಿಯ ಊಟ, ವ್ಯಾಯಾಮ, ಅಖಾಡದ ವಿಚಾರಗಳೇ ಹೇರಳ. 16ನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ವರ್ತಕ ನ್ಯೂನಿಜ್, ಮಹಾನವಮಿಯಲ್ಲಿ ಮೊನೆಯುಳ್ಳ ಬಳೆಗಳನ್ನು ಕೈಗೆ ತೊಟ್ಟು ಗುದ್ದಾಡುವ ಜಟ್ಟಿಗಳ ವಿಚಾರ ಬರೆದಿಟ್ಟಿದ್ದಾನೆ. ಬಾಕ್ಸಿಂಗ್ ಎಂಬ ಶಬ್ದ ನಮ್ಮ ಕಿವಿಗೆ ಬೀಳುವುದಕ್ಕೆ ಎಷ್ಟೋ ಮೊದಲೇ ನಮ್ಮಲ್ಲಿ ಬಾಕ್ಸಿಂಗ್ ವಂಶಗಳಿದ್ದವು ಎಂದಾಯಿತು.

ವಿಜ್ಞಾನದ ಮೇಷ್ಟ್ರಿಗೆ ಈ ಜಟ್ಟಿಗಳ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಕಾರಣವಿದೆ. ಯಲಹಂಕದ ಪ್ರೌಢಶಾಲೆಯಲ್ಲಿ ನಾನು ಪ್ರತಿವರ್ಷ ಹತ್ತನೆಯ ತರಗತಿಗೆ ಅನುವಂಶೀಯತೆಯ ಪಾಠ ಮಾಡುವಾಗ ಮಕ್ಕಳಿಗೆ ಅವರವರ ಮನೆಯ ವಂಶವೃಕ್ಷ ಬರೆದು ತರಲು ಹೇಳುತ್ತೇನೆ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ನಾಲಿಗೆ ಸುರುಳಿ ಮಾಡಬಲ್ಲವರದನ್ನೋ, ಕಿವಿಯ ಹಾಲೆ ಕೆನ್ನೆಗೆ ಅಂಟಿಕೊಂಡಿರುವವರದನ್ನೋ ಕಪ್ಪು ಮಾಡಬೇಕು. ಒಂದು ವರ್ಷ ಒಬ್ಬ ಹುಡುಗ ಅಜ್ಜನ ಚೌಕಕ್ಕೂ ಅಪ್ಪನ ಚೌಕಕ್ಕೂ ಕಪ್ಪು ತುಂಬಿ, ಪಕ್ಕದಲ್ಲಿ ‘ಗುದ್ದು’ ಎಂದು ಬರೆದುಕೊಂಡು ಬಂದ. ತನ್ನ ಚೌಕ ಖಾಲಿ. ಎಂಟನೆಯ ತರಗತಿಯಲ್ಲಿದ್ದ ತಂಗಿಯ ವೃತ್ತ ಅರ್ಧ ಕಪ್ಪು.

‘ಇದೇನೋ ಅರ್ಧ?’ ಎಂದೆ.

‘ಅವಳು ಕನ್ನಡಿ ಮುಂದೆ ನಿಂತು ಗುದ್ತಾಳೆ ಸಾರ್, ಇನ್ನೂ ಯಾರ್ಗೂ ಹೊಡ್ದಿಲ್ಲ’ ಎಂದ.

ತರಗತಿ ನಕ್ಕಿತು, ನಾನೂ ನಕ್ಕೆ. ಆದರೆ ಹುಡುಗನ ಪ್ರಶ್ನೆ ಹಳೆಯದು, ಗಟ್ಟಿಯಾದದ್ದು. ದುಡಿದು ಗಳಿಸಿದ್ದು ಮಕ್ಕಳಿಗೆ ಹುಟ್ಟಿನಿಂದ ಬರುತ್ತದೆಯೇ? ಬರುತ್ತದೆ ಎಂದ ಫ್ರಾನ್ಸಿನ ಲಾಮಾರ್ಕ್. ಸುತ್ತಿಗೆ ಬಡಿದು ಬಡಿದು ತೋಳು ಬಲಿತ ಕಮ್ಮಾರನ ಮಗನಿಗೆ ಬಲಿತ ತೋಳೇ ಬರುತ್ತದೆ ಎನ್ನುವುದು ಆ ವಾದಕ್ಕೆ ಕೊಡುವ ಉದಾಹರಣೆ. ಜರ್ಮನಿಯ ವೈಸ್‌ಮನ್ ಒಪ್ಪಲಿಲ್ಲ. ಐದು ತಲೆಮಾರು ಇಲಿಗಳ ಬಾಲ ಕತ್ತರಿಸುತ್ತಾ ಹೋದ. ಹುಟ್ಟಿದ 901 ಮರಿಗಳಲ್ಲಿ ಒಂದಾದರೂ ಬಾಲವಿಲ್ಲದೆ ಹುಟ್ಟಲಿಲ್ಲ. ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಮನೆಗಳಲ್ಲಿ ಎಷ್ಟು ತಲೆಮಾರಿನಿಂದ ಹೆಣ್ಣುಮಕ್ಕಳಿಗೆ ಕಿವಿ ಚುಚ್ಚುತ್ತಿಲ್ಲ? ಇವತ್ತಿಗೂ ಮಗು ಹುಟ್ಟಿದ ಮೇಲೆ ಅಕ್ಕಸಾಲಿಗರನ್ನು ಹುಡುಕಿಕೊಂಡು ಹೋಗುವುದು ತಪ್ಪಿಲ್ಲ.

ಹಾಗಾದರೆ ವಂಶದಿಂದ ಏನೂ ಬರುವುದಿಲ್ಲವೇ? ಬರುತ್ತದೆ. ಎತ್ತರ ಬರುತ್ತದೆ, ತೋಳಿನ ಉದ್ದ ಬರುತ್ತದೆ, ಸ್ನಾಯುವಿನ ಎಳೆಗಳ ಗುಣವೂ ಒಂದಷ್ಟು ಬರುತ್ತದೆ. ವೇಗದ ಓಟಗಾರರಲ್ಲಿ ಎಸಿಟಿಎನ್3 ಎಂಬ ಜೀನಿನ ಒಂದು ರೂಪ ಹೆಚ್ಚಾಗಿ ಕಾಣುತ್ತದೆಂದು 2003ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ತೋರಿಸಿದ ಮೇಲೆ, ಮಗುವಿನ ಎಂಜಲು ಪರೀಕ್ಷಿಸಿ ಯಾವ ಆಟಕ್ಕೆ ಸೇರಿಸಬೇಕೆಂದು ಹೇಳುವ ಅಂಗಡಿಗಳೇ ಹುಟ್ಟಿಕೊಂಡವು. ತಂದೆತಾಯಿಗಳು ದುಡ್ಡು ಕೊಡುವ ಮುಂಚೆ ಒಂದು ಮಾತು ತಿಳಿದಿರಲಿ: ಆ ರೂಪದ ಒಂದು ಪ್ರತಿಯಾದರೂ ಜಗತ್ತಿನ ಬಹುಪಾಲು ಜನರಲ್ಲಿದೆ. ನಿಮ್ಮ ಮನೆಗೆ ಹಾಲು ಹಾಕುವವರಲ್ಲೂ ಇದ್ದೀತು, ನನ್ನಲ್ಲೂ ಇದ್ದೀತು. ನಾನು ಬಸ್ಸು ಹಿಡಿಯಲು ಓಡುವುದನ್ನು ನೋಡಿದವರು ಮಾತ್ರ ನಂಬಲಾರರು.

ಯಲಹಂಕದ ಸುತ್ತ ಹಸು ಕಟ್ಟಿದವರಿಗೆ ಈ ವಿಚಾರ ನನಗಿಂತ ಚೆನ್ನಾಗಿ ಗೊತ್ತು. ಒಳ್ಳೆಯ ತಳಿಯ ಕಡಸನ್ನು ತಂದು ಬರೀ ಒಣಹುಲ್ಲಿಗೆ ಕಟ್ಟಿದರೆ ಅದೆಷ್ಟು ಹಾಲು ಕೊಟ್ಟೀತು? ತಳಿಯೂ ಬೇಕು, ಕೊಟ್ಟಿಗೆಯೂ ಬೇಕು. ಜಟ್ಟಿಗಳ ‘ಮಲ್ಲಪುರಾಣ’ ಊಟ, ವ್ಯಾಯಾಮಗಳನ್ನು ಅಷ್ಟು ವಿವರವಾಗಿ ಹೇಳುವುದು ಸುಮ್ಮನೆ ಅಲ್ಲ.

ಈ ಕೊಟ್ಟಿಗೆಯ ಮಾತನ್ನು ನೋಡಬೇಕಾದರೆ ಹರಿಯಾಣದ ಭಿವಾನಿಗೆ ಹೋಗಬೇಕು. ಅಲ್ಲಿನ ಹವಾ ಸಿಂಗ್ ಸೈನ್ಯ ಸೇರಿ ಬಾಕ್ಸರ್ ಆದವರು. 1961ರಿಂದ 1972ರವರೆಗೆ ಸತತ 11 ಬಾರಿ ಹೆವಿವೇಟ್ ರಾಷ್ಟ್ರೀಯ ಚಾಂಪಿಯನ್. 1966 ಮತ್ತು 1970ರ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ. ನಿವೃತ್ತಿಯಾದ ಮೇಲೆ ಊರಿನ ಹುಡುಗರಿಗೆ ಕಲಿಸತೊಡಗಿದರು. ಮಗ ಸಂಜಯ್ ಬಾಕ್ಸರ್ ಆಗಿ ಆಮೇಲೆ ತರಬೇತುದಾರರಾದರು. ಸಂಜಯ್ ಅವರ ಮಗಳು ನೂಪುರ್ 2025ರಲ್ಲಿ ಲಿವರ್‌ಪೂಲಿನ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ 80 ಕಿಲೋ ಮೇಲ್ಪಟ್ಟವರ ವಿಭಾಗದ ಬೆಳ್ಳಿ ಗೆದ್ದಳು. ಅದೇ ಕೂಟದಲ್ಲಿ 57 ಕಿಲೋ ವಿಭಾಗದ ಚಿನ್ನ ಗೆದ್ದ ಭಿವಾನಿಯ ಜಾಸ್ಮಿನ್ ಲಂಬೋರಿಯಾಳಿಗೆ ಕಲಿಸಿದ್ದು ಬಾಕ್ಸರ್‌ಗಳಾಗಿದ್ದ ಅವಳ ಚಿಕ್ಕಪ್ಪಂದಿರೇ. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ವಿಜೇಂದರ್ ಕೂಡ ಇದೇ ಭಿವಾನಿಯವನು. ಅವನ ತಂದೆ ಬಸ್ ಚಾಲಕ. ಅಣ್ಣ ಬಾಕ್ಸಿಂಗಿನ ಬಲದಿಂದಲೇ ಸೈನ್ಯದಲ್ಲಿ ಕೆಲಸ ಗಿಟ್ಟಿಸಿದ್ದ. ಮನೆಯಲ್ಲಿ ಒಬ್ಬನಿಗೆ ಗುದ್ದಿನಿಂದ ಅನ್ನ ಸಿಕ್ಕಿತೆಂದರೆ ಎರಡನೆಯವನ ಕೈಗೆ ಗ್ಲೌಸ್ ಬರಲು ಯಾವ ಜೀನೂ ಬೇಕಿಲ್ಲ.

ಇನ್ನೊಂದು ಮಗ್ಗುಲೂ ಇದೆ. ಮಹಮ್ಮದ್ ಅಲಿಯನ್ನು 1971ರಲ್ಲಿ ಮೊದಲ ಬಾರಿಗೆ ಸೋಲಿಸಿದ ಜೋ ಫ್ರೇಜಿಯರ್‌ನ ಹೆಸರು ಹಿರಿಯ ಓದುಗರಿಗೆ ನೆನಪಿರಬೇಕು. ಅವನ ಮಗ ಮಾರ್ವಿಸ್ ಅಮೆಚೂರ್ ಹಂತದಲ್ಲಿ ಒಳ್ಳೆಯ ಹೆಸರು ಮಾಡಿದ್ದ. ವೃತ್ತಿಗೆ ಇಳಿದು ಹತ್ತೇ ಪಂದ್ಯ ಆಡಿದ್ದವನನ್ನು ಅಪ್ಪ 1983ರಲ್ಲಿ ಲ್ಯಾರಿ ಹೋಮ್ಸ್‌ನ ಎದುರು ನಿಲ್ಲಿಸಿದ. ಮೊದಲ ಸುತ್ತಿನಲ್ಲೇ ಪಂದ್ಯ ಮುಗಿಯಿತು. 1986ರಲ್ಲಿ ಮೈಕ್ ಟೈಸನ್ ಎದುರು ನಿಂತಾಗ ಮಾರ್ವಿಸ್ ಉಳಿದದ್ದು 30 ಸೆಕೆಂಡು. ರಕ್ತ ಫ್ರೇಜಿಯರ್‌ದೇ, ತರಬೇತಿಯೂ ಫ್ರೇಜಿಯರ್‌ದೇ. ‘ಹುಲಿಯ ಹೊಟ್ಟೆಯಲ್ಲಿ ಹುಲಿಯೇ ಹುಟ್ಟುತ್ತದೆ’ ಎನ್ನುವವರು ಆ 30 ಸೆಕೆಂಡಿನ ಚಿತ್ರ ಒಮ್ಮೆ ನೋಡಬೇಕು. ತಮಾಷೆಯೆಂದರೆ, 2001ರ ಜೂನ್ 8ರಂದು ಅಲಿಯ ಮಗಳು ಲೈಲಾ ಮತ್ತು ಫ್ರೇಜಿಯರ್‌ನ ಮಗಳು ಜಾಕಿ ಎದುರುಬದುರಾಗಿ, ತಂದೆಯಂದಿರ ಜಗಳವನ್ನು ಎಂಟು ಸುತ್ತು ಮುಂದುವರಿಸಿದರು. ಗೆದ್ದವಳು ಲೈಲಾ. ಜಾಕಿ ವಕೀಲೆ, ಮುಂದೆ ನ್ಯಾಯಾಧೀಶೆಯೂ ಆದಾಕೆ! ಉಕ್ರೇನಿನ ಕ್ಲಿಚ್ಕೊ ಸಹೋದರರು ಇವರೆಲ್ಲರಿಗಿಂತ ಜಾಣರು. ವಿಟಾಲಿ, ವ್ಲಾದಿಮಿರ್ ಇಬ್ಬರೂ ಹೆವಿವೇಟ್ ವಿಶ್ವ ಚಾಂಪಿಯನ್ನರು, ಇಬ್ಬರೂ ಡಾಕ್ಟರೇಟ್ ಪಡೆದವರು. ಒಬ್ಬರಿಗೊಬ್ಬರು ಎದುರಾಗುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟು ಕೊನೆಯವರೆಗೂ ಉಳಿಸಿಕೊಂಡರು.

ಆ ವಂಶವೃಕ್ಷದ ಹುಡುಗನ ತಂದೆತಾಯಿ ಒಂದು ಶನಿವಾರ ಶಾಲೆಗೆ ಬಂದರು. ತಂದೆ ಸೈನ್ಯದಲ್ಲಿದ್ದಾಗ ರೆಜಿಮೆಂಟಿನ ಪರವಾಗಿ ರಿಂಗಿಗೆ ಇಳಿದವರು, ಈಗ ಹೆಬ್ಬಾಳದ ಕಡೆ ಸೆಕ್ಯುರಿಟಿ ಕೆಲಸ. ಅವರ ಅಳಲು ಮಗನದು. ‘ಸಾರ್, ನಮ್ಮಪ್ಪ ಗರಡಿ, ನಾನು ರಿಂಗು. ಇವ್ನು ಬೆಳಿಗ್ಗೆ ಐದಕ್ಕೆ ಎಬ್ಸುದ್ರೆ ಪುಸ್ತಕ ಹಿಡ್ಕೊಂಡು ಕೂತ್ಕೋತಾನೆ. ರಕ್ತ ಎಲ್ಲೋಯ್ತು ಸಾರ್?’ ಮಗ ಬೆಳಿಗ್ಗೆ ಐದಕ್ಕೆ ಪುಸ್ತಕ ಹಿಡಿಯುತ್ತಾನೆಂದು ದೂರುವ ತಂದೆಯನ್ನು ನನ್ನ ಇಷ್ಟು ವರ್ಷದ ಸರ್ವೀಸಿನಲ್ಲಿ ನೋಡಿರಲಿಲ್ಲ. ಮಗಳ ಹೆಸರೆತ್ತಿದಾಗ ಅವರು ಕೈಯಾಡಿಸಿಬಿಟ್ಟರು. ನಾನು ಹವಾ ಸಿಂಗರ ಮೊಮ್ಮಗಳ ಕತೆ ಹೇಳಿದೆ. ಹವಾ ಸಿಂಗರ ಹೆಸರು ಕೇಳುತ್ತಲೇ ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತರು.

ಅಲ್ಲಿಯವರೆಗೆ ಸುಮ್ಮನಿದ್ದ ತಾಯಿ ಆಗ ಬಾಯಿಬಿಟ್ಟರು. ‘ತಲೆಗೆ ಏಟು ಬಿದ್ರೆ ಓದು ಹತ್ತುತ್ತಾ ಸಾರ್?’

ಇದಕ್ಕೆ ಸುತ್ತಿ ಬಳಸಿ ಉತ್ತರ ಹೇಳಬಾರದು. ಗಿಟುಕು ಕೊಬ್ಬರಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಚಿಪ್ಪಿನೊಳಗೆ ಲೊಟಲೊಟ ಎನ್ನುತ್ತದಲ್ಲ, ತಲೆಬುರುಡೆಯೊಳಗೆ ಮಿದುಳೂ ಸುಮಾರಾಗಿ ಹಾಗೆ. ಸುತ್ತ ದ್ರವವಿರುವುದರಿಂದ ಸದ್ದಿಲ್ಲ, ಅಷ್ಟೆ. ಹೆಬ್ಬಾಳದ ಮೇಲ್ಸೇತುವೆಯಲ್ಲಿ ಬಸ್ಸಿಗೆ ಗಕ್ಕನೆ ಬ್ರೇಕ್ ಬಿದ್ದಾಗ ನಿಂತವರೆಲ್ಲ ಮುಂದಕ್ಕೆ ಮುಗ್ಗರಿಸುವುದು ನ್ಯೂಟನ್ನನ ಮೊದಲ ನಿಯಮ; ಗುದ್ದು ಬಿದ್ದ ತಲೆಯೊಳಗೆ ನಡೆಯುವುದೂ ಅದೇ ನಿಯಮ. ಹೆಡ್‌ಗಾರ್ಡ್ ಚರ್ಮ ಸೀಳದಂತೆ ತಡೆಯಬಲ್ಲದು, ಒಳಗಿನ ಅಲುಗಾಟವನ್ನು ತಡೆಯಲಾರದು. ಬಾಕ್ಸರ್‌ಗಳಲ್ಲಿ ಮಾತು ತೊದಲುವುದು, ನಡಿಗೆ ತಪ್ಪುವುದು, ಮರೆವು ಇವನ್ನು ಅಮೆರಿಕದ ವೈದ್ಯ ಮಾರ್ಟ್‌ಲ್ಯಾಂಡ್ 1928ರಷ್ಟು ಹಿಂದೆಯೇ ಗುರುತಿಸಿ ಬರೆದ. ಅಲಿಗೆ ಪಾರ್ಕಿನ್ಸನ್ ಕಾಯಿಲೆ ಎಂದು 1984ರಲ್ಲಿ ಗೊತ್ತಾಯಿತು. ಅದಕ್ಕೆ ರಿಂಗೇ ಕಾರಣವೆಂದು ಆಣೆ ಇಟ್ಟು ಹೇಳುವುದು ಕಷ್ಟ, ರಿಂಗನ್ನು ಬದಿಗಿಟ್ಟು ಮಾತಾಡುವುದು ಇನ್ನೂ ಕಷ್ಟ. 2011ರಲ್ಲಿ ಅಮೆರಿಕ ಮತ್ತು ಕೆನಡಾದ ಮಕ್ಕಳ ವೈದ್ಯರ ಸಂಘಟನೆಗಳು ಒಟ್ಟಾಗಿ, ಮಕ್ಕಳಿಗೂ ಹದಿಹರೆಯದವರಿಗೂ ಬಾಕ್ಸಿಂಗ್ ಬೇಡವೆಂದೇ ಹೇಳಿದವು. ಇದನ್ನೆಲ್ಲ ಆ ತಾಯಿಗೆ ಒಂದೂ ಬಿಡದೆ ಹೇಳಿದೆ. ತಂದೆಯ ಮುಖ ಸಪ್ಪಗಾಯಿತು.

ಈ ದೃಷ್ಟಿಯಿಂದ ಜಟ್ಟಿಗಳ ಮೇಲೆ ನನಗೆ ಗೌರವ ಹೆಚ್ಚು. ನೋಡಲು ಭಯಂಕರವಾದ ಆ ಕಾಳಗದಲ್ಲಿ ಒಂದು ಹನಿ ಕಂಡರೆ ನಿಲ್ಲಿಸುವ ಕಟ್ಟಳೆಯಿದೆ. ಗ್ಲೌಸಿನ ಮೆತ್ತನೆಯ ಆಟದಲ್ಲಿ ಹತ್ತು ಸುತ್ತು, ಹನ್ನೆರಡು ಸುತ್ತು ಗುದ್ದಿಸಿಕೊಂಡವರಿದ್ದಾರೆ. ಕೀಲು ತಪ್ಪಿದ್ದನ್ನು, ಉಳುಕನ್ನು ಸರಿಪಡಿಸುವುದರಲ್ಲೂ ಜಟ್ಟಿಗಳು ಹೆಸರಾದವರು. ಹೊಡೆಯುವ ವಿದ್ಯೆಯೂ ನೋವು ತೆಗೆಯುವ ವಿದ್ಯೆಯೂ ಒಂದೇ ಮನೆಯಲ್ಲಿದ್ದವು. ಮಾರ್ವಿಸ್‌ನ ಅಪ್ಪನಿಗೆ ಮಗನ ಗುದ್ದು ಕಂಡಿತೇ ಹೊರತು ಅವನು ಎಷ್ಟು ತಾಳಬಲ್ಲ ಎಂಬುದು ಕಾಣಲಿಲ್ಲ ಎಂದು ನನಗನ್ನಿಸುತ್ತದೆ.

ಆ ಶನಿವಾರ ಏನೂ ತೀರ್ಮಾನವಾಗಲಿಲ್ಲ. ತೀರ್ಮಾನಿಸುವುದು ನನ್ನ ಕೆಲಸವೂ ಅಲ್ಲ. ನನ್ನ ಅಭಿಪ್ರಾಯ ಕೇಳಿದ್ದಕ್ಕೆ ಹೇಳಿದೆ: ಹಗ್ಗದಾಟ, ಓಟ, ಕಾಲಿನ ಚಲನೆ, ಚೀಲಕ್ಕೆ ಗುದ್ದುವುದು, ಇವಿಷ್ಟರಿಂದ ಯಾರ ಮಿದುಳೂ ಅಲುಗುವುದಿಲ್ಲ, ಎದುರಿಗೆ ಆಳು ನಿಲ್ಲಿಸುವ ಮಾತು ಇನ್ನೂ ಕೆಲವು ವರ್ಷ ಬಿಟ್ಟು, ವೈದ್ಯರನ್ನು ಕೇಳಿಕೊಂಡು ನೋಡಬಹುದು. ತಂದೆ ‘ಎದುರಿಗೆ ಆಳಿಲ್ಲದೆ ಅದೆಂಥ ಬಾಕ್ಸಿಂಗು?’ ಎಂದು ಗೊಣಗಿದರು. ಹೊರಗೆ ಬೇವಿನ ಮರದ ಕೆಳಗೆ ಕಾಯುತ್ತಿದ್ದ ಹುಡುಗಿ ಒಂದೇ ಸಮನೆ ಕಾಲು ಬದಲಿಸುತ್ತಾ ನಿಂತಿದ್ದಳು. ಮನೆಯಲ್ಲಿ ಮಾತು ಬೆಳೆಯಿತಂತೆ. ಎರಡು ವಾರವಾದ ಮೇಲೆ ತಾಯಿಯ ಷರತ್ತುಗಳು ಹೊರಬಿದ್ದವು: ಪರೀಕ್ಷೆಯ ತಿಂಗಳು ಬಾಕ್ಸಿಂಗ್ ಇಲ್ಲ, ತಲೆಗೆ ಹೊಡೆಯುವ ಅಭ್ಯಾಸ ಹತ್ತನೆಯ ತರಗತಿ ಮುಗಿಯುವವರೆಗೆ ಇಲ್ಲ, ತಲೆನೋವು ಎಂದಳೋ ಅಂದಿಗೆ ಆಟ ಬಂದ್.

ಇವೆಲ್ಲ ನನಗೆ ಗೊತ್ತಾದದ್ದು ಹುಡುಗನಿಂದ. ತಂದೆಗೆ ರಾತ್ರಿ ಪಾಳಿ ಇರುವ ದಿನಗಳಲ್ಲಿ ತಂಗಿಯನ್ನು ಮೈದಾನಕ್ಕೆ ಕರೆದೊಯ್ಯುವ ಕೆಲಸ ಅವನ ಪಾಲಿಗೆ ಬಂದಿತ್ತು. ಮೆಟ್ಟಿಲ ಮೇಲೆ ಭೌತಶಾಸ್ತ್ರದ ಪುಸ್ತಕ ಬಿಚ್ಚಿಟ್ಟುಕೊಂಡು ಕೂರುತ್ತಾನಂತೆ. ಆದರೆ ಓದಲು ಆಗುವುದಿಲ್ಲ, ಯಾಕೆಂದರೆ ಮೂರು ನಿಮಿಷಕ್ಕೊಮ್ಮೆ ‘ಟೈಮ್!’ ಎಂದು ಕೂಗಬೇಕಾದವನೂ ಅವನೇ.