ಸಂದರ್ಶನದ ಕೋಣೆಯಲ್ಲಿ ನಮ್ಮ ಹೆಣ್ಣುಮಕ್ಕಳು

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದು ಕಳುಹಿಸಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದಾಗ, ಯಾವ ವಿಷಯವನ್ನು ಆರಿಸಿಕೊಳ್ಳಲಿ ಎಂದು ನಾನು ಬಹಳ ಯೋಚಿಸಬೇಕಾಗಿ ಬರಲಿಲ್ಲ. ಪ್ರತಿ ವರುಷವೂ ಮಳೆಗಾಲ ಇಳಿಯುವ ಹೊತ್ತಿಗೆ ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳಿಂದ ಪರಿಚಿತರೂ ಅಪರಿಚಿತರೂ ಆದ ಹೆತ್ತವರು ನನಗೆ ಫೋನು ಮಾಡಿ ಕೇಳುವ ಪ್ರಶ್ನೆ ಒಂದೇ ಆಗಿರುತ್ತದೆ: “ಮಗಳಿಗೆ ದೊಡ್ಡ ಕಂಪೆನಿಯಿಂದ ಇಂಟರ್‌ವ್ಯೂವಿಗೆ ಕರೆ ಬಂದಿದೆ. ಅಲ್ಲಿ ಏನು ಕೇಳುತ್ತಾರೆ?” ಇದಕ್ಕೆ ಫೋನಿನಲ್ಲಿ ಕೊಡುವ ಉತ್ತರವು ಯಾವಾಗಲೂ ಅರ್ಧದಲ್ಲಿ ನಿಂತುಹೋಗುತ್ತದೆ, ಯಾಕಂದರೆ ಕೇಳುವವರ ಮನಸ್ಸಿನಲ್ಲಿರುವ ಪ್ರಶ್ನೆ ಬೇರೆ. ನಮ್ಮಂಥವರ ಮಗಳನ್ನು ಅವರು ತೆಗೆದುಕೊಳ್ಳುವರೇ ಎಂಬುದೇ ಅದು. ನಾನು 2000ನೆಯ ಇಸವಿಯಲ್ಲಿ ಅಭ್ಯರ್ಥಿಯಾಗಿ ಮೇಜಿನ ಈಚೆಯಲ್ಲಿಯೂ, ಮುಂದೆ ಅನೇಕ ವರುಷ ಪರೀಕ್ಷಕಳಾಗಿ ಅದೇ ಮೇಜಿನ ಆಚೆಯಲ್ಲಿಯೂ ಕುಳಿತವಳಾದ್ದರಿಂದ, ಕಂಡದ್ದನ್ನು ಕಂಡ ಹಾಗೆ ಬರೆಯಲು ನನಗೆ ಅಧಿಕಾರವಿದೆಯೆಂದು ನಂಬಿದ್ದೇನೆ.

ಮೊದಲು ಹಿಂದಿನವರ ಸಂಗತಿಯನ್ನು ಸ್ವಲ್ಪ ಹೇಳಬೇಕು. 1974ನೆಯ ಇಸವಿಯಲ್ಲಿ ಪುಣೆಯ ಟೆಲ್ಕೋ ಕಂಪೆನಿಯು ಇಂಜಿನಿಯರುಗಳು ಬೇಕೆಂದು ಪ್ರಕಟಿಸಿದ ಜಾಹೀರಾತಿನಲ್ಲಿ, ಸ್ತ್ರೀಯರು ಅರ್ಜಿ ಹಾಕಬೇಕಾಗಿಲ್ಲವೆಂಬ ಒಂದು ಸಾಲು ಇತ್ತು. ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಓದಿ ಆಗ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ವ್ಯಾಸಂಗ ಮಾಡುತ್ತಿದ್ದ ಸುಧಾ ಎಂಬ ತರುಣಿ ಅದನ್ನು ಕಂಡು, ಜೆ.ಆರ್.ಡಿ. ಟಾಟಾ ಅವರಿಗೇ ನೇರವಾಗಿ ಒಂದು ಪೋಸ್ಟ್ ಕಾರ್ಡು ಬರೆದರು. ಕೆಲವು ದಿನಗಳಲ್ಲಿ ಪುಣೆಗೆ ಸಂದರ್ಶನಕ್ಕೆ ಬರಬೇಕೆಂದೂ ಪ್ರಯಾಣದ ಖರ್ಚನ್ನು ಕಂಪೆನಿಯೇ ಕೊಡುವುದೆಂದೂ ತಂತಿ ಬಂತು. ಪರೀಕ್ಷಕರು ವಿಷಯದ ಮೇಲೆ ಹಾಕಿದ ಪ್ರಶ್ನೆಗಳಿಗೆಲ್ಲ ಅವರು ಉತ್ತರ ಕೊಟ್ಟ ಮೇಲೆ, ಹಿರಿಯರೊಬ್ಬರು ತಮ್ಮ ಕಾರ್ಖಾನೆಯೊಳಗೆ ಇದುವರೆಗೆ ಹೆಂಗಸರನ್ನು ನೇಮಿಸಿಲ್ಲವೆಂದು ವಾತ್ಸಲ್ಯದಿಂದಲೇ ತಿಳಿಸಿದರಂತೆ. ಎಲ್ಲಿಂದಲಾದರೂ ಆರಂಭಿಸಲೇಬೇಕಲ್ಲವೇ ಎಂಬ ಭಾವದ ಉತ್ತರವನ್ನು ಕೊಟ್ಟು ಅವರು ಕೆಲಸ ಪಡೆದರು. ಇವರೇ ಮುಂದೆ ಸುಧಾ ಮೂರ್ತಿಯವರೆಂದು ಹೆಸರಾದವರು. 1981ರಲ್ಲಿ ಇವರ ಪತಿ ನಾರಾಯಣ ಮೂರ್ತಿಯವರೂ ಆರು ಮಂದಿ ಸಂಗಡಿಗರೂ ಇನ್ಫೋಸಿಸ್ ಕಂಪೆನಿಯನ್ನು ಕಟ್ಟಿದರು. ನನ್ನ ದೃಷ್ಟಿಯಲ್ಲಿ ಈ ಸಂಗತಿಯ ಸಾರವಿರುವುದು ಪೋಸ್ಟ್ ಕಾರ್ಡಿನಲ್ಲಲ್ಲ. ಎದುರಿಗಿದ್ದವರು ಕಾರಣ ಹೇಳಿದಾಗ ಸುಮ್ಮನೆ ತಲೆಯಾಡಿಸಿ ಎದ್ದು ಬಾರದೆ ಮಾತಾಡಿದುದರಲ್ಲಿ. ಅದರ ವಿಷಯ ಮುಂದೆ ಬರೆಯುತ್ತೇನೆ.

ನಮ್ಮ ಸೀಮೆಯಲ್ಲಿ ಇಂಥ ಕರೆಗಳು ಬರಲಾರಂಭಿಸಿದ್ದು ಬಹಳ ಹಿಂದಿನಿಂದಲ್ಲ. 1960ರಲ್ಲಿ ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್ ಕಾಲೇಜು ಆಯಿತಾದರೂ, ಘಟ್ಟದ ಬುಡದ ಮನೆಗಳ ಹುಡುಗಿಯರಿಗೆ ಅದು ದೂರದ ಮಾತಾಗಿತ್ತು. 1986ರಲ್ಲಿ ಕುರುಂಜಿ ವೆಂಕಟರಮಣ ಗೌಡರು ಸುಳ್ಯದಲ್ಲಿ ಇಂಜಿನಿಯರಿಂಗ್ ಕಾಲೇಜನ್ನು ತೆರೆದರು. 2001ರಲ್ಲಿ ಪುತ್ತೂರಿನಲ್ಲಿ ವಿವೇಕಾನಂದ ಕಾಲೇಜು ಆಯಿತು. ಬಸ್ಸಿನಲ್ಲಿ ಹೋಗಿ ಸಂಜೆಗೆ ಮನೆಗೆ ಮರಳಬಹುದೆಂದಾದ ಮೇಲೆಯೇ ಅನೇಕ ತಂದೆಗಳು ಒಪ್ಪಿದರೆಂಬುದನ್ನು ನಾನು ಬಲ್ಲೆ, ಯಾಕಂದರೆ ನನ್ನ ತಂದೆಯವರೂ ಅವರಲ್ಲಿ ಒಬ್ಬರು.

ನನ್ನ ಸಂದರ್ಶನವು ಬೆಂಗಳೂರಿನಲ್ಲಿತ್ತು. 1996ರಲ್ಲಿ ಹಳಿಯ ಅಗಲವನ್ನು ಬದಲಿಸುವುದಕ್ಕಾಗಿ ಪುತ್ತೂರಿನ ಮೇಲಿನಿಂದ ಹಾಸನಕ್ಕೆ ಹೋಗುವ ರೈಲನ್ನು ನಿಲ್ಲಿಸಿದ್ದರು. ಪ್ರಯಾಣಿಕರ ರೈಲು ಪುನಃ ಘಟ್ಟ ಹತ್ತಿದ್ದು 2007ರ ಕೊನೆಗೆ. ಆದಕಾರಣ ರಾತ್ರಿಯ ಬಸ್ಸಿನಲ್ಲಿ ಶಿರಾಡಿ ಘಾಟಿಯ ಹೊಂಡಗಳನ್ನು ಎಣಿಸುತ್ತ ಅಪ್ಪನೂ ನಾನೂ ಹೋದೆವು. ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಮುಖ ತೊಳೆದು, ಸೀರೆ ಬದಲಾಯಿಸಲು ಸ್ಥಳವಿಲ್ಲದೆ ಉಟ್ಟ ಚೂಡಿದಾರಿನಲ್ಲಿಯೇ ಕಂಪೆನಿಯ ಬಾಗಿಲಿಗೆ ಬಂದೆವು. ಅಪ್ಪ ಕೊಡೆಯನ್ನೂ ನನ್ನ ಚೀಲವನ್ನೂ ಹಿಡಿದುಕೊಂಡು ಕಾವಲುಗಾರನ ಕೋಣೆಯ ಪಕ್ಕದಲ್ಲಿ ಸಂಜೆಯ ತನಕ ನಿಂತಿದ್ದರು.

ಆಗಿನ ಕಾಲದಲ್ಲಿ ಇಂಥ ಕಂಪೆನಿಗಳಲ್ಲಿ ಒಗಟಿನ ಲೆಕ್ಕಗಳಿಗೆ ಬಹಳ ಮರ್ಯಾದೆ. ಶಕುಂತಲಾ ದೇವಿಯವರ ಪುಸ್ತಕಗಳನ್ನು ಹಾಸ್ಟೆಲಿನಲ್ಲಿ ಕೈಯಿಂದ ಕೈಗೆ ದಾಟಿಸಿ ಓದುತ್ತಿದ್ದೆವು. ನನಗೆ ಬಂದ ಪ್ರಶ್ನೆ ಇದು: ಒಂಬತ್ತು ನಾಣ್ಯಗಳಲ್ಲಿ ಒಂದು ಮಾತ್ರ ತೂಕದಲ್ಲಿ ಕಡಿಮೆ, ತಕ್ಕಡಿಯಲ್ಲಿ ಎರಡೇ ಸಲ ತೂಗಿ ಅದನ್ನು ಕಂಡುಹಿಡಿಯಬೇಕು. ಅಂಗಳದಲ್ಲಿ ಅಡಿಕೆ ತೂಗುವುದನ್ನು ನೋಡಿ ಬೆಳೆದವಳಿಗೆ ತಕ್ಕಡಿಯ ಗುಣ ಗೊತ್ತಿತ್ತು: ಒಂದು ತಟ್ಟೆ ಏರಬಹುದು, ಇನ್ನೊಂದು ಏರಬಹುದು, ಎರಡೂ ಸಮವಾಗಿ ನಿಲ್ಲಲೂಬಹುದು. ಒಂದು ತೂಗುವಿಕೆಯಿಂದ ಮೂರು ಬಗೆಯ ಸಮಾಚಾರ ಸಿಗುವುದಾದ್ದರಿಂದ ಮೂರು ಮೂರಾಗಿ ಪಾಲು ಮಾಡತಕ್ಕದ್ದು. ಮೂರರ ಎದುರು ಮೂರನ್ನು ಇಟ್ಟರೆ ಕಳ್ಳನಾಣ್ಯವಿರುವ ಗುಂಪು ತಿಳಿಯಿತು. ಆ ಗುಂಪಿನಲ್ಲಿ ಒಂದರ ಎದುರು ಒಂದನ್ನಿಟ್ಟರೆ ಮುಗಿಯಿತು. ಇಷ್ಟನ್ನು ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ.

ಅದರ ನಂತರ ಕೇಳಿದ ಪ್ರಶ್ನೆಗೆ ಯಾವ ಪುಸ್ತಕದಲ್ಲಿಯೂ ಉತ್ತರವಿರಲಿಲ್ಲ. ನಿಮಗೆ ಮದುವೆ ಯಾವಾಗ, ರಾತ್ರಿ ಕೆಲಸಕ್ಕೆ ತಂದೆಯವರು ಬಿಡುವರೇ ಎಂದು ಕೇಳಿದರು. ನನಗಿಂತ ಮೊದಲು ಒಳಗೆ ಹೋಗಿ ಬಂದ ಹುಡುಗರಲ್ಲಿ ಯಾರೊಡನೆಯೂ ಇದನ್ನು ಕೇಳಿರಲಿಲ್ಲ. ತಂದೆಯವರು ಬಾಗಿಲಲ್ಲಿಯೇ ನಿಂತಿದ್ದಾರೆ, ಕರೆದು ವಿಚಾರಿಸಬಹುದು ಎಂದೆ. ಅವರು ನಕ್ಕರು. ನಾನು ನಗಿಸುವುದಕ್ಕಾಗಿ ಹೇಳಿದ್ದಲ್ಲ. ಇಂದಿಗೂ ಯಾರಾದರೂ ನಮ್ಮ ಹುಡುಗಿಯರಿಗೆ ಈ ಪ್ರಶ್ನೆ ಹಾಕಿದರೆ, ಇದು ಕೆಲಸಕ್ಕೆ ಸಂಬಂಧಪಟ್ಟದ್ದಲ್ಲವೆಂದು ವಿನಯದಿಂದ ತಿಳಿಸುವ ಹಕ್ಕು ಅವರಿಗಿದೆ.

ಒಗಟುಗಳ ಕಾಲ ಈಗ ಬಹುಮಟ್ಟಿಗೆ ಮುಗಿಯಿತು. ರಸ್ತೆಯ ಚರಂಡಿಯ ಮುಚ್ಚಳ ಯಾಕೆ ದುಂಡಗಿದೆ ಎಂಬ ಪ್ರಶ್ನೆಯು ಅಮೆರಿಕದ ಮೈಕ್ರೋಸಾಫ್ಟಿನ ಹೆಸರಿನೊಡನೆ ಲೋಕಪ್ರಸಿದ್ಧವಾಗಿತ್ತು. (ದುಂಡಗಿನ ಮುಚ್ಚಳವನ್ನು ಹೇಗೆ ತಿರುಗಿಸಿದರೂ ಅದು ತನ್ನ ಕಂಡಿಯೊಳಗೆ ಬೀಳಲಾರದು, ಚೌಕದ್ದು ಮೂಲೆಯಿಂದ ಮೂಲೆಗೆ ಓರೆಯಾಗಿ ಬಿದ್ದುಹೋದೀತು.) ಆದರೆ 2013ರಲ್ಲಿ ಗೂಗಲ್ ಕಂಪೆನಿಯ ನೇಮಕದ ಮುಖ್ಯಸ್ಥರಾಗಿದ್ದ ಲಾಸ್ಲೋ ಬಾಕ್ ಎಂಬವರು, ಇಂಥ ಒಗಟುಗಳಿಂದ ಅಭ್ಯರ್ಥಿಯ ಯೋಗ್ಯತೆ ಏನೂ ತಿಳಿಯುವುದಿಲ್ಲ, ಕೇಳುವವನಿಗೆ ತಾನು ಜಾಣನೆಂಬ ಸಂತೋಷ ಮಾತ್ರ ಆಗುತ್ತದೆಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಬಹಿರಂಗವಾಗಿ ತಿಳಿಸಿದರು. ಎಲ್ಲರಿಗೂ ಒಂದೇ ಬಗೆಯ ಪ್ರಶ್ನೆಗಳನ್ನು ಹಾಕಿ ಒಂದೇ ಅಳತೆಗೋಲಿನಿಂದ ಅಳೆಯುವುದು ಮೇಲೆಂಬುದು ಅವರ ಅನುಭವ. ಆ ಮಾತನ್ನು ಮೇಜಿನ ಆಚೆ ಕುಳಿತ ನಾನೂ ಒಪ್ಪುತ್ತೇನೆ.

ಈಗ ಕೇಳುವುದು ಹೆಚ್ಚಾಗಿ ವಿಧಾನವನ್ನು. ಹೆತ್ತವರಿಗೆ ತಿಳಿಯುವಂತೆ ಒಂದು ಉದಾಹರಣೆ ಕೊಡುತ್ತೇನೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ಸಾಹೇಬರ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಒಂದು ಪದವನ್ನು ಹುಡುಕಲು ಮೊದಲಿನಿಂದ ಒಂದೊಂದಾಗಿ ನೋಡುತ್ತ ಹೋದರೆ ಎಪ್ಪತ್ತು ಸಾವಿರ ಸಲ ನೋಡಬೇಕಾದೀತು. ಸರಿಯಾಗಿ ನಡುವಿಗೆ ತೆರೆದು, ಬೇಕಾದ ಪದ ಹಿಂದಿದೆಯೋ ಮುಂದಿದೆಯೋ ನೋಡಿದರೆ ಅರ್ಧ ಪುಸ್ತಕವನ್ನು ಬಿಟ್ಟುಬಿಡಬಹುದು. ಉಳಿದ ಅರ್ಧದ ನಡುವನ್ನು ಪುನಃ ತೆರೆದರೆ ಕಾಲು ಭಾಗ ಉಳಿಯಿತು. ಹೀಗೆ ಹೆಚ್ಚೆಂದರೆ ಹದಿನೇಳು ಸಲದಲ್ಲಿ ಪದವು ಸಿಕ್ಕಿಯೇ ಸಿಗಬೇಕು. ಯಾಕೆ ಹದಿನೇಳು, ಪದಗಳು ಅಕಾರಾದಿಯಾಗಿ ಇಲ್ಲದಿದ್ದರೆ ಏನು ಮಾಡುವೆ, ಅರ್ಧಭಾಗ ಕಳೆದುಹೋಗಿದ್ದರೆ ಹೇಗೆ ತಿಳಿಯುವೆ, ಎಂದು ಪರೀಕ್ಷಕರು ಕೆದಕುತ್ತ ಹೋಗುತ್ತಾರೆ. ಇದರಲ್ಲಿ ನಮ್ಮ ಶಾಲೆಯ ಹತ್ತನೆಯ ತರಗತಿಯ ಹುಡುಗಿಗೆ ಅರ್ಥವಾಗದ್ದು ಏನೂ ಇಲ್ಲ.

ಹೀಗಿರಲು ನಮ್ಮವರು ಸೋಲುವುದು ಎಲ್ಲಿ? ಇಂಗ್ಲಿಷಿನಲ್ಲಿ ಎಂದು ಎಲ್ಲರೂ ಹೇಳುತ್ತಾರೆ. ನಾನು ಹಾಗೆ ಹೇಳಲಾರೆ. ನಮ್ಮೂರುಗಳಲ್ಲಿ ಒಬ್ಬಳನ್ನು ಹೊಗಳಬೇಕಾದರೆ “ಪಾಪದ ಹುಡುಗಿ, ಬಾಯಿಯೇ ಇಲ್ಲ” ಎನ್ನುತ್ತೇವೆ. ಮನೆಗೆ ನೆಂಟರು ಬಂದರೆ ಒಳಗೆ ಹೋಗಬೇಕು. ತರಗತಿಯಲ್ಲಿ ಕೇಳಿದರೆ ಮಾತ್ರ ಹೇಳಬೇಕು. ಉತ್ತರ ಪೂರ್ಣವಾಗಿ ಗೊತ್ತಿಲ್ಲದೆ ಬಾಯಿ ತೆರೆಯಬಾರದು. ಇದನ್ನು ಹದಿನೈದು ವರುಷ ಕಲಿಸಿ, ಹದಿನಾರನೆಯ ವರುಷ ಅಪರಿಚಿತರ ಎದುರು ಗಟ್ಟಿಯಾಗಿ ಯೋಚಿಸು ಎಂದರೆ ಹೇಗೆ? ಸಂದರ್ಶನದಲ್ಲಿ ಪರೀಕ್ಷಕರ ಕೈಗೆ ಸಿಗುವುದು ಕೇಳಿಸಿದ್ದು ಮಾತ್ರ. ಮನಸ್ಸಿನಲ್ಲಿ ನಡೆದದ್ದಕ್ಕೆ ಅಂಕ ಹಾಕುವ ಕ್ರಮವಿಲ್ಲ.

2016ರಲ್ಲಿ ಸುಳ್ಯ ತಾಲೂಕಿನ ಒಬ್ಬಳು ನನ್ನ ಮುಂದೆ ಬಂದಳು. ಆಗ ನಾನಿದ್ದದ್ದು ಬೆಂಗಳೂರಿನ ಒಂದು ದೊಡ್ಡ ಕಂಪೆನಿಯಲ್ಲಿ. ಕ್ರಮವಾಗಿ ಜೋಡಿಸಿದ ಎರಡು ಪಟ್ಟಿಗಳನ್ನು ಕ್ರಮ ತಪ್ಪದೆ ಒಂದೇ ಪಟ್ಟಿಯಾಗಿ ಮಾಡಬೇಕೆಂದು ನನ್ನ ಜೊತೆಗಿದ್ದ ಪರೀಕ್ಷಕರು ಕೇಳಿದರು. ಅವಳು ನಮಗೆ ಬೆನ್ನು ಹಾಕಿ, ಒಂದು ಮಾತೂ ಆಡದೆ, ಏಳು ನಿಮಿಷಗಳಲ್ಲಿ ಹಲಗೆಯ ಮೇಲೆ ಬರೆದು ಮುಗಿಸಿದಳು. ತಪ್ಪೇನೂ ಇರಲಿಲ್ಲ. ಯಾಕೆ ಹೀಗೆ ಮಾಡಿದೆ ಎಂದು ಅವರು ಮೂರು ಸಲ ಕೇಳಿದರು. ಮೂರು ಸಲವೂ ನಕ್ಕು ತಲೆ ತಗ್ಗಿಸಿದಳು. ಕನ್ನಡದಲ್ಲಿ ಹೇಳಮ್ಮಾ ಎಂದೆ. ಆಗ ಹೇಳಿದಳು: “ಶಾಲೆಯಲ್ಲಿ ಎರಡು ತರಗತಿಯವರು ಎತ್ತರದ ಪ್ರಕಾರ ಎರಡು ಸಾಲು ನಿಂತಿರುತ್ತೇವಲ್ಲ ಮೇಡಂ, ಅದನ್ನು ಒಂದೇ ಸಾಲು ಮಾಡಲಿಕ್ಕೆ ಎಲ್ಲರನ್ನೂ ಅಳೆಯುವುದು ಬೇಡ. ಎದುರಿಗೆ ನಿಂತ ಇಬ್ಬರನ್ನು ಮಾತ್ರ ನೋಡಿದರಾಯಿತು. ಗಿಡ್ಡ ಇದ್ದವಳು ಮೊದಲು ಹೋಗುತ್ತಾಳೆ, ಮತ್ತೆ ಪುನಃ ಎದುರಿನ ಇಬ್ಬರು.” ಇದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಆ ಕೋಣೆಯಲ್ಲಿ ಕೇಳಿದ್ದಿಲ್ಲ. ಅದನ್ನು ನನ್ನ ಸಂಗಡಿಗರಿಗೆ ಇಂಗ್ಲಿಷಿನಲ್ಲಿ ತಿಳಿಸಿದೆ. ಅವರು ಒಳ್ಳೆಯ ಮನುಷ್ಯರೇ. ಆದರೂ ಮಾತನಾಡಲಾರಳು ಎಂದು ಬರೆದರು. ತೆಗೆದುಕೊಳ್ಳಬೇಕು ಎಂದು ನಾನು ಬರೆದೆ. ಇಬ್ಬರೂ ಒಪ್ಪಬೇಕೆಂಬುದು ಅಲ್ಲಿಯ ನಿಯಮವಾಗಿದ್ದುದರಿಂದ ವಿಷಯವು ಮೇಲಧಿಕಾರಿಗಳಿಗೆ ಹೋಯಿತು. ಅವರು ತೆಗೆದುಕೊಳ್ಳಲಿಲ್ಲ.

ಆರು ತಿಂಗಳ ನಂತರ ಅವಳಿಗೆ ಬೇರೆ ಕಡೆ ಕೆಲಸ ಸಿಕ್ಕಿತೆಂದು ತಿಳಿದುಬಂತು. ಇದನ್ನು ಸಮಾಧಾನಕ್ಕಾಗಿ ಬರೆಯುತ್ತಿಲ್ಲ. ಅವಳ ಮನೆಯ ತೋಟಕ್ಕೆ ಹಳದಿ ರೋಗ ತಗಲಿ ಅಡಿಕೆ ಮರಗಳು ವರುಷದಿಂದ ವರುಷಕ್ಕೆ ಬರಿದಾಗುತ್ತಿದ್ದವು. ಬ್ಯಾಂಕಿನಲ್ಲಿ ವಿದ್ಯಾಭ್ಯಾಸದ ಸಾಲವಿತ್ತು. ಆ ಆರು ತಿಂಗಳು ಆ ಮನೆಯಲ್ಲಿ ಹೇಗೆ ಕಳೆಯಿತೆಂಬುದು ಸಂದರ್ಶನದ ಕಾಗದದಲ್ಲಿ ಎಲ್ಲಿಯೂ ಬರುವುದಿಲ್ಲ.

2020ರಲ್ಲಿ ಮಹಾಮಾರಿ ಬಂದ ಮೇಲೆ ಸಂದರ್ಶನಗಳು ಮನೆಯ ಒಳಗೇ ಬಂದವು. ಆದರೆ ನಮ್ಮ ಮನೆಗಳ ಒಳಗೆ ಸಿಗ್ನಲ್ ಬರಲಿಲ್ಲ. 2021ರ ಜೂನಿನಲ್ಲಿ ಸುಳ್ಯ ತಾಲೂಕಿನ ಬಳ್ಳಕದಲ್ಲಿ, ಸುರಿಯುವ ಮಳೆಗೆ ರಸ್ತೆಯ ಬದಿಯಲ್ಲಿ ಕುಳಿತು ಪಾಠ ಕೇಳುವ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ಪತ್ರಿಕೆಗಳಲ್ಲಿ ತಾವೆಲ್ಲ ನೋಡಿರಬಹುದು. ಅದೇ ವರುಷ ನನಗೆ ಪರಿಚಯದ ಕಡಬ ಕಡೆಯ ಒಬ್ಬಳು ಗುಡ್ಡದ ಮೇಲೆ ಕುಳಿತು ಸಂದರ್ಶನ ಕೊಡುತ್ತಿರುವಾಗ ಮೂರು ಸಲ ಸಂಪರ್ಕ ಕಡಿದುಹೋಯಿತು. ನಾಲ್ಕನೆಯ ಸಲ ಅವಳು ಬರುವಷ್ಟರಲ್ಲಿ ಅವರು ಮುಗಿಸಿಬಿಟ್ಟಿದ್ದರು. ಅವಳು ಆ ರಾತ್ರಿಯೇ ನಡೆದದ್ದನ್ನು ನಾಲ್ಕು ಸಾಲಿನಲ್ಲಿ ಬರೆದು, ಇನ್ನೊಂದು ಸಮಯ ಕೊಡಬೇಕೆಂದು ಕೇಳಿ, ಪುತ್ತೂರು ಪೇಟೆಯ ಚಿಕ್ಕಮ್ಮನ ಮನೆಯಿಂದ ಪುನಃ ಕುಳಿತಳು. ಈಗ ಅವಳು ಅದೇ ಕಂಪೆನಿಯಲ್ಲಿದ್ದಾಳೆ. ಕೇಳದಿದ್ದರೆ ಅವರೇನೂ ಹುಡುಕಿಕೊಂಡು ಬರುತ್ತಿರಲಿಲ್ಲ.

ಹೆತ್ತವರಿಗೆ ಒಂದೆರಡು ಮಾತು. ಅನೇಕ ಕಂಪೆನಿಗಳು ಹತ್ತನೆಯ ತರಗತಿಯಿಂದ ಹಿಡಿದು ಪ್ರತಿಯೊಂದು ಪರೀಕ್ಷೆಯಲ್ಲಿಯೂ ಶೇಕಡಾ 60 ಅಂಕಗಳನ್ನು ಕೇಳುವ ರೂಢಿಯುಂಟು. ಆದುದರಿಂದ ಶಾಲೆಯ ಅಂಕಪಟ್ಟಿಗೆ ಇನ್ನು ಬೆಲೆಯಿಲ್ಲವೆಂದು ತಿಳಿಯಬೇಡಿರಿ. ಕೆಲಸ ಕೊಡಿಸುತ್ತೇನೆಂದು ಹಣ ಕೇಳುವವನು ಯಾವ ದೊಡ್ಡ ಕಂಪೆನಿಯ ಹೆಸರು ಹೇಳಿದರೂ ಮೋಸಗಾರನೆಂದೇ ತಿಳಿಯಿರಿ. ನೇಮಕದ ಪತ್ರ ಬಂದ ದಿನವೇ ಊರಿಗೆಲ್ಲ ಸಿಹಿ ಹಂಚುವುದನ್ನು ನಾನು ಬೇಡವೆನ್ನುವುದಿಲ್ಲ, ಆದರೆ ಸಾಲ ಮಾಡಿ ಮನೆಯ ಮಾಡು ತೆಗೆಸಬೇಡಿರಿ. 2022ರಲ್ಲಿ ಪತ್ರ ಪಡೆದ ಎಷ್ಟೋ ಮಂದಿ ಎರಡು ವರುಷ ಕಾಯಬೇಕಾಯಿತು; 2025ರ ಫೆಬ್ರುವರಿಯಲ್ಲಿ ಇನ್ಫೋಸಿಸಿನ ಮೈಸೂರಿನ ತರಬೇತಿ ಕೇಂದ್ರದಲ್ಲಿ ಒಳಪರೀಕ್ಷೆಗಳಲ್ಲಿ ತೇರ್ಗಡೆಯಾಗದ ಮುನ್ನೂರಕ್ಕೂ ಹೆಚ್ಚು ತರುಣ ತರುಣಿಯರನ್ನು ಮನೆಗೆ ಕಳುಹಿಸಿದರು. ಹಾಗೆ ಮರಳಿ ಬಂದ ಮಗಳು ಊರಿನ ಬಸ್ಸಿನಿಂದ ಇಳಿಯುವಾಗ ನೆರೆಯವರು ಏನು ಹೇಳುವರೋ ಎಂದು ಹೆದರಿರುತ್ತಾಳೆ; ಗೇಟಿನ ತನಕ ಎದುರುಗೊಂಡು ಹೋಗಿ ಅವಳ ಚೀಲವನ್ನು ತೆಗೆದುಕೊಳ್ಳಿರಿ.

ನಾವು ಹಳೆ ವಿದ್ಯಾರ್ಥಿನಿಯರು ನಾಲ್ವರು ಸೇರಿ, ಮುಖ್ಯೋಪಾಧ್ಯಾಯಿನಿಯವರ ಅನುಮತಿಯಿಂದ, ದಸರೆಯ ರಜೆಯಲ್ಲಿ ಶಾಲೆಯ ಗಣಿತದ ಕೋಣೆಯಲ್ಲಿ ಕುಳಿತಿರುತ್ತೇವೆ. ಇಂಜಿನಿಯರಿಂಗ್ ಓದುತ್ತಿರುವ ಹುಡುಗಿಯರು ಒಬ್ಬೊಬ್ಬರಾಗಿ ಬಂದು ಹಲಗೆಯ ಮುಂದೆ ನಿಂತು ಗಟ್ಟಿಯಾಗಿ ಲೆಕ್ಕ ಮಾಡಬಹುದು. ಮೊದಲ ದಿನ ಕನ್ನಡದಲ್ಲಿಯೋ ತುಳುವಿನಲ್ಲಿಯೋ ಆದರೂ ಅಡ್ಡಿಯಿಲ್ಲ. ಒಂಬತ್ತನೆಯ, ಹತ್ತನೆಯ ತರಗತಿಯ ಮಕ್ಕಳು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಲೂಬಹುದು, ನಡುವೆ ಬಾಯಿ ಹಾಕಲೂಬಹುದು. ಜೊತೆಗೆ ಬಂದ ತಂದೆಯವರಿಗೆ ಜಗಲಿಯಲ್ಲಿ ಕುರ್ಚಿ ಹಾಕಿಸುತ್ತೇವೆ.