ಹಿಂದಕ್ಕೆ ಬರುವ ವಿದ್ಯೆ

ನಮ್ಮ ಮಂಡ್ಯ ಕಡೆ ಯಾರಾದರೂ ತನಗೆ ಟ್ರ್ಯಾಕ್ಟರ್ ಓಡಿಸಲು ಬರುತ್ತದೆ ಎಂದರೆ ಊರಿನವರು ಸುಲಭಕ್ಕೆ ಒಪ್ಪುವುದಿಲ್ಲ. 'ಟ್ರೇಲರ್ ಕಟ್ಕಂಡು ರಿವರ್ಸ್ ತಗೀತೀಯೇನಪ್ಪ?' ಎಂದು ಕೇಳುತ್ತಾರೆ. ಮುಂದಕ್ಕೆ ಯಾರು ಬೇಕಾದರೂ ಓಡಿಸಿಯಾರು. ಕಬ್ಬಿನ ಲೋಡು ಸಮೇತ ಹಿಂದಕ್ಕೆ ಬಂದು, ಯಾರ ಜಗಲಿಗೂ ತಾಗದೆ, ಚರಂಡಿಗೂ ಇಳಿಯದೆ ನಿಲ್ಲಿಸಿದವನೇ ಡ್ರೈವರ್. ನನಗಂತೂ ಈ ಕೆಲಸದ ಮೇಲೆ ವಿಪರೀತ ಮೋಹ. ಖಾಲಿ ರಸ್ತೆಯಲ್ಲಿ ಟಾಪ್ ಗೇರಿನಲ್ಲಿ ಹೋಗುವಾಗ ಸಿಗದ ಸುಖ, ಇಕ್ಕಟ್ಟಾದ ಸಂದಿಯೊಳಕ್ಕೆ ಟ್ರೇಲರನ್ನು ಹಿಂದಿನಿಂದ ತೂರಿಸುವಾಗ ಸಿಗುತ್ತದೆ. ಬಿಡುವಾದಾಗ ಕೆಲವರು ಇಸ್ಪೀಟು ಆಡುತ್ತಾರೆ, ನಾನು ರಿವರ್ಸ್ ತೆಗೆಯುತ್ತೇನೆ.

ಎರಡು ಗಾಲಿಯ ಟ್ರೇಲರಿಗೂ ಟ್ರ್ಯಾಕ್ಟರಿಗೂ ಇರುವ ನಂಟು ಒಂದೇ ಒಂದು ಪಿನ್ನಿನದು. ಮುಂದಕ್ಕೆ ಎಳೆಯುವಾಗ ಟ್ರೇಲರು ತುಂಬಾ ಸಾಧು. ಸ್ವಲ್ಪ ಓರೆಯಾದರೂ ತಾನಾಗಿಯೇ ಸಾಲಿಗೆ ಬರುತ್ತದೆ. ಹಿಂದಕ್ಕೆ ನೂಕಲು ಶುರು ಮಾಡಿದಿರೋ, ಅದರ ಗುಣವೇ ಬದಲು. ಬೆರಳಗಲ ಓರೆಯಾದರೆ ಸಾಕು, ಆ ಓರೆ ತಾನೇ ತಾನಾಗಿ ಬೆಳೆಯುತ್ತ ಹೋಗುತ್ತದೆ. ಅಂಗೈ ಮೇಲೆ ಕೋಲು ನಿಲ್ಲಿಸಿಕೊಂಡ ಹಾಗೆ, ಅದು ವಾಲುವ ಮೊದಲೇ ನಮ್ಮ ಕೈ ಆ ಕಡೆ ಹೋಗಿರಬೇಕು. ಸಾಲದ್ದಕ್ಕೆ ಎಲ್ಲವೂ ಉಲ್ಟಾ. ಟ್ರೇಲರಿನ ಹಿಂಭಾಗ ಎಡಕ್ಕೆ ಹೋಗಬೇಕಾದರೆ ಸ್ಟೇರಿಂಗು ಬಲಕ್ಕೆ. ಓರೆ ಹುಟ್ಟಿದ ಕೂಡಲೇ ಸ್ಟೇರಿಂಗನ್ನು ಎಡಕ್ಕೆ ಹೊರಳಿಸಿ ಟ್ರ್ಯಾಕ್ಟರನ್ನು ಟ್ರೇಲರಿನ ಬೆನ್ನಿಗೆ ಬಿಡಬೇಕು. ತಡವಾಯಿತೋ, ಟ್ರೇಲರಿನ ಮೂಕಿ ಬಂದು ಹಿಂದಿನ ದೊಡ್ಡ ಟೈರಿಗೆ ಒರಗುತ್ತದೆ. ಅಷ್ಟು ಮುರಿದುಕೊಂಡ ಮೇಲೆ ಸ್ಟೇರಿಂಗನ್ನು ಎತ್ತ ತಿರುಗಿಸಿದರೂ ಹಿಂದಕ್ಕೆ ಬಂದು ಸರಿಮಾಡಲು ಸಾಧ್ಯವಿಲ್ಲ.

ಉದ್ದನೆಯ ಟ್ರೇಲರ್ ಕಷ್ಟ, ಗಿಡ್ಡನೆಯದು ಸುಲಭ ಎಂದು ನೋಡುವವರು ಅಂದುಕೊಳ್ಳುತ್ತಾರೆ. ಇರುವುದು ತದ್ವಿರುದ್ಧ. ಉದ್ದನೆಯದು ನಿಧಾನಕ್ಕೆ ಓರೆಯಾಗುತ್ತದೆ, ನಮಗೆ ಯೋಚಿಸಲು ಸಮಯ ಕೊಡುತ್ತದೆ. ಮದುವೆ ಮನೆಗೆ ನೀರು ಹೊರುವ ಗಿಡ್ಡ ಟ್ಯಾಂಕರು ಕಣ್ಣು ಮಿಟುಕಿಸುವುದರೊಳಗೆ ಮುರಿದುಕೊಂಡು ಅಡ್ಡ ನಿಂತುಬಿಡುತ್ತದೆ.

ಈ ಆಟದ ರುಚಿ ನೋಡಬೇಕಾದರೆ ಆಲೆಮನೆಯ ಅಂಗಳಕ್ಕೆ ಬರಬೇಕು. ಕಬ್ಬಿನ ಸಿಪ್ಪೆಯನ್ನು ಒಣಗಲೆಂದು ಉದ್ದಕ್ಕೂ ಹರಡಿರುತ್ತಾರೆ. ಒಂದು ಕಡೆ ಹೊಗೆಯುಗುಳುವ ಒಲೆಯ ಗೋಡೆ, ಇನ್ನೊಂದು ಕಡೆ ಯಾರೋ ಮೊದಲೇ ಇಳಿಸಿಹೋದ ಕಬ್ಬಿನ ರಾಶಿ. ಇವೆರಡರ ನಡುವೆ ಟ್ರೇಲರಿನ ಅಗಲಕ್ಕಿಂತ ಎರಡು ಗೇಣು ಹೆಚ್ಚಿನ ದಾರಿ. ಆ ದಾರಿಯ ಕೊನೆಗೆ ಗಾಣ.

ನಾನು ದಾರಿಯ ಬಾಯಿ ದಾಟಿ ಮುಂದೆ ಹೋಗಿ ಟ್ರ್ಯಾಕ್ಟರನ್ನೂ ಟ್ರೇಲರನ್ನೂ ಒಂದೇ ಸಾಲಿಗೆ ತರುತ್ತೇನೆ. ಲೋ ಗೇರಿಗೆ ಹಾಕಿ, ಕೈ ಆಕ್ಸಿಲೇಟರನ್ನು ಪೂರ್ತಿ ಇಳಿಸುತ್ತೇನೆ. ಎಂಜಿನ್ನು ಗುಡುಗುಡು ಅನ್ನುತ್ತಿದ್ದರೆ ಸಾಕು. ಸೀಟಿನಲ್ಲಿ ಸೊಂಟದಿಂದ ಮೇಲಕ್ಕೆ ಪೂರ್ತಿ ಹಿಂದಕ್ಕೆ ತಿರುಗಿ, ಎಡಗಾಲನ್ನು ಕ್ಲಚ್ ಮೇಲೆ ಇಟ್ಟು, ಒಂದು ಕೈಯಲ್ಲಿ ಸ್ಟೇರಿಂಗಿನ ಕೆಳಭಾಗವನ್ನು ಹಿಡಿಯುತ್ತೇನೆ. ಹೀಗೆ ಕೆಳಗೆ ಹಿಡಿದರೆ ಉಲ್ಟಾ ಲೆಕ್ಕದ ತಲೆನೋವು ಇಲ್ಲ: ಟ್ರೇಲರು ಯಾವ ಕಡೆ ಹೋಗಬೇಕೋ ಕೈ ಆ ಕಡೆ ಹೋದರಾಯಿತು. ಆಮೇಲೆ ಕಣ್ಣು ಟ್ರೇಲರಿನ ಗಾಲಿಯ ಮೇಲೆ. ಗಾಲಿ ಕಬ್ಬಿನ ರಾಶಿಯ ಅಂಚಿಗೆ ಬರುವ ಮುಂಚೆಯೇ ಕಟ್ ಹೊಡೆಯಬೇಕು. ಒಂಚೂರು ಹೊಡೆದು, ಕಾದು, ಮತ್ತೆ ಒಂಚೂರು ಬಿಡಿಸುವುದು. ಸ್ಟೇರಿಂಗು ಎಷ್ಟು ಕಡಮೆ ತಿರುಗಿತೋ ಕೆಲಸ ಅಷ್ಟು ಚೆನ್ನಾಗಿ ಆಯಿತೆಂದು ಲೆಕ್ಕ.

ಇಷ್ಟರಲ್ಲಿ ಅಂಗಳದಲ್ಲಿದ್ದವರೆಲ್ಲ ನಿರ್ದೇಶಕರಾಗಿರುತ್ತಾರೆ. 'ಬರ್ಲಿ ಬರ್ಲಿ, ಇನ್ನೊಸಿ ಬರ್ಲಿ ಕಣಣ್ಣ' ಎನ್ನುವವನೊಬ್ಬ. 'ಹೋಲ್ಡಾನ್! ಗೋಡೆ ನೋಡು!' ಎನ್ನುವವನು ಇನ್ನೊಬ್ಬ. ಸೈಕಲ್ಲನ್ನೂ ತುಳಿಯದವರು 'ಉಲ್ಟಾ ಹೊಡಿ' ಎಂದು ಕೈ ಬೀಸುತ್ತಾರೆ. ಆದರೆ ಬೆಲ್ಲ ಹುಯ್ಯುವ ಹಿರಿಯರೊಬ್ಬರು ಕೊಪ್ಪರಿಗೆಯಿಂದ ಕಣ್ಣು ತೆಗೆಯದೆಯೇ ಹೇಳಿದ ಮಾತು ನನಗೆ ಬಹಳ ಹಿಡಿಸಿತು: 'ಒಂದ್ಸಲ ಮುಂದ್ಕೆ ಎಳ್ಕ ಮಗ, ಗಂಟೇನು ಹೋಗಲ್ಲ.'

ರಿವರ್ಸಿನ ಗುಟ್ಟೆಲ್ಲ ಅಲ್ಲಿದೆ. ಓರೆ ಹೆಚ್ಚಾಯಿತು ಅನ್ನಿಸಿದ ಕೂಡಲೇ ಮುಂದಕ್ಕೆ ಎಳೆದುಕೊಂಡು, ಸಾಲು ಮಾಡಿ, ಮತ್ತೆ ಬರುವುದು ಸೋಲಲ್ಲ. ಖಾಲಿ ಟ್ರೇಲರಾದರೆ ಹೀಗೆ ಎಳೆದುಕೊಳ್ಳುವಾಗ ಟ್ರ್ಯಾಕ್ಟರಿನ ಎರಡು ಬ್ರೇಕುಗಳಲ್ಲಿ ಒಂದನ್ನೇ ತುಳಿದು ಇದ್ದಲ್ಲೇ ತಿರುಗಿಸಲೂಬಹುದು. ರಸ್ತೆಗೆ ಇಳಿಯುವ ಮುಂಚೆ ಮಾತ್ರ ಎರಡಕ್ಕೂ ಕೊಂಡಿ ಹಾಕಲೇಬೇಕು. ವೇಗದಲ್ಲಿ ಒಂದೇ ಬ್ರೇಕು ಹಿಡಿದರೆ ಟ್ರ್ಯಾಕ್ಟರು ಮಗುಚುತ್ತದೆ.

ನಾಲ್ಕು ಗಾಲಿಯ ಟ್ರೇಲರಿನದು ಬೇರೆಯದೇ ಕಥೆ. ಅದರ ಮುಂದಿನ ಅಚ್ಚೂ ತಿರುಗುವುದರಿಂದ ಕೀಲು ಎರಡಾಗಿ, ಉಲ್ಟಾದ ಮೇಲೆ ಇನ್ನೊಂದು ಉಲ್ಟಾ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಒಂದೇ ಟ್ರ್ಯಾಕ್ಟರಿಗೆ ಎರಡೆರಡು ಡಬ್ಬಿ ಕಟ್ಟಿ ಕಾರ್ಖಾನೆಗೆ ಕಬ್ಬು ಹೊಡೆಯುತ್ತಾರೆ. ಅಲ್ಲಿನ ಜಾತ್ರೆಗಳಲ್ಲಿ ಟ್ರ್ಯಾಕ್ಟರ್ ರಿವರ್ಸ್ ಓಡಿಸುವ ಸ್ಪರ್ಧೆಯನ್ನೇ ಇಡುತ್ತಾರೆ. ಕುಸ್ತಿಗೆ ಸೇರುವ ಹಾಗೆ ಜನ ಸೇರುತ್ತಾರೆ, ಶಿಳ್ಳೆ ಹೊಡೆಯುತ್ತಾರೆ. ಹಿಂದಕ್ಕೆ ಹೋಗುವವನಿಗೆ ಬಹುಮಾನ ಕೊಡುವ ಸ್ಪರ್ಧೆ ಎಷ್ಟಿವೆ ಹೇಳಿ!

ಯಂತ್ರಗಳಿಗೂ ಈ ವಿದ್ಯೆ ಕಲಿಸಿದ್ದಾರೆ. 1989ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬರ್ನಾರ್ಡ್ ವಿಡ್ರೊ ಮತ್ತು ಡೆರಿಕ್ ನ್ಯುಯೆನ್ ಅವರು ಕಂಪ್ಯೂಟರಿನ ನರಜಾಲವೊಂದಕ್ಕೆ ಟ್ರೇಲರ್ ಲಾರಿಯನ್ನು ಹಿಂದಕ್ಕೆ ತಂದು ನಿಲ್ಲಿಸುವುದನ್ನು ಕಲಿಸಿ ತೋರಿಸಿದರು. ಲಾರಿ ಇದ್ದದ್ದು ಕಂಪ್ಯೂಟರಿನೊಳಗೇ. ಅದಕ್ಕೊಂದು ಷರತ್ತು ಬೇರೆ: ಮುಂದಕ್ಕೆ ಚಲಿಸುವಂತಿಲ್ಲ, ಬರೀ ಹಿಂದಕ್ಕೆ. ನಮ್ಮ ಆಲೆಮನೆಯ ಹಿರಿಯರು ಇದ್ದಿದ್ದರೆ ಆ ಷರತ್ತನ್ನು ಒಪ್ಪುತ್ತಿರಲಿಲ್ಲ. 2016ರ ಮಾದರಿಯ ಎಫ್-150 ಪಿಕಪ್‌ನಲ್ಲಿ ಫೋರ್ಡ್ ಕಂಪನಿ ಇದಕ್ಕೆಂದೇ ಒಂದು ಗುಂಡಿ ಇಟ್ಟಿತು. ಟ್ರೇಲರು ಹೋಗಬೇಕಾದ ಕಡೆಗೆ ಗುಂಡಿ ತಿರುಗಿಸಿದರೆ ಸ್ಟೇರಿಂಗನ್ನು ವಾಹನವೇ ನೋಡಿಕೊಳ್ಳುತ್ತದೆ. ಅನುಕೂಲ ನಿಜ. ಆದರೆ ಇಸ್ಪೀಟಿನ ಎಲೆಯನ್ನು ಬೇರೆಯವರ ಕೈಗೆ ಕೊಟ್ಟು ಆಟ ನೋಡುತ್ತ ಕೂರಲು ನನಗೆ ಮನಸ್ಸಿಲ್ಲ.

ಓದುಗರಲ್ಲಿ ಒಂದೇ ಕೋರಿಕೆ. ಊರಿನ ಗಲ್ಲಿಯಲ್ಲಿ ಯಾರಾದರೂ ಟ್ರೇಲರ್ ರಿವರ್ಸ್ ತೆಗೆಯುತ್ತಿದ್ದರೆ ಹಾರನ್ ಹೊಡೆಯಬೇಡಿ, ಸಂದಿಯಲ್ಲಿ ಬೈಕು ನುಗ್ಗಿಸಬೇಡಿ. ದಾರಿ ಹೇಳಲೇಬೇಕೆಂದಿದ್ದರೆ ಒಬ್ಬರೇ ಹೇಳಿ, ಅದೂ ಡ್ರೈವರಿನ ಕಣ್ಣಿಗೆ ಕಾಣುವ ಕಡೆ ನಿಂತು. ಟ್ರೇಲರಿಗೂ ಗೋಡೆಗೂ ನಡುವೆ ಮಾತ್ರ ಯಾವತ್ತೂ ನಿಲ್ಲಬೇಡಿ. ಅವನು ಮುಂದಕ್ಕೆ ಎಳೆದುಕೊಂಡರೆ ನಗಬೇಡಿ. ಕೆಲಸ ಬಲ್ಲವನು ಅಂತ ತಿಳಿಯಿರಿ.